ಫ್ರೀಡಂ ಪಾರ್ಕ್: ಉದ್ಯಾನವಾಗಿ ಒಪ್ಪಿಗೆ, ನಗರದ ಏಕೈಕ ಪ್ರತಿಭಟನಾ ಸ್ಥಳವಾಗಿ ತಕರಾರು

ಬೆಂಗಳೂರಿನ ಶೇಷಾದ್ರಿ ರಸ್ತೆಯಲ್ಲಿರುವ ಫ್ರೀಡಂ ಪಾರ್ಕನ್ನು ಎರಡು ಬಗೆಯಲ್ಲಿ ತೂಗಿ ನೋಡಬೇಕಾಗುತ್ತದೆ. ಹಳೆಯ ಸೆಂಟ್ರಲ್ ಜೈಲಿನ ಆವರಣವನ್ನು ಜನರಿಗೆ ಬಿಟ್ಟುಕೊಟ್ಟ ಉದ್ಯಾನ ಒಂದು. ರಾಜಧಾನಿಯಲ್ಲಿ ಸರ್ಕಾರದ ವಿರುದ್ಧ ದನಿಯೆತ್ತಲು ಆಡಳಿತ ಒಪ್ಪಿರುವ ಒಂದೇ ಒಂದು ಜಾಗ ಎಂಬ ಸಾರ್ವಜನಿಕ ಸೇವೆ ಇನ್ನೊಂದು. ಮೊದಲನೆಯದಕ್ಕೆ ಧಾರಾಳವಾಗಿ ಅಂಕ ಕೊಡಬಹುದು. ಎರಡನೆಯದಕ್ಕೆ ಕೊಡಲು ಕೈ ಬರುವುದಿಲ್ಲ. ಜಾಗ ಕೆಟ್ಟದ್ದು ಎಂಬುದು ಅದಕ್ಕೆ ಕಾರಣವಲ್ಲ. ಅದರ ಹೊರಗೆ ನಿಂತವರೆಲ್ಲ ಅಪರಾಧಿಗಳು ಎಂಬ ಲೆಕ್ಕಾಚಾರ ಅದರ ಗೇಟಿನಲ್ಲೇ ಶುರುವಾಗುತ್ತದೆ ಎಂಬುದು ಕಾರಣ.

ಉದ್ಯಾನದ ಮಾತು ಮೊದಲು. ಹತ್ತೊಂಬತ್ತನೆಯ ಶತಮಾನದ ಈ ಜೈಲಿನ ಕೈದಿಗಳನ್ನು ಪರಪ್ಪನ ಅಗ್ರಹಾರಕ್ಕೆ ಸ್ಥಳಾಂತರಿಸಿದ ಮೇಲೆ ಉಳಿದ ಸುಮಾರು 21 ಎಕರೆ ಜಾಗವು 2008ರಲ್ಲಿ ಉದ್ಯಾನವಾಗಿ ಸಾರ್ವಜನಿಕರಿಗೆ ತೆರೆಯಿತು. ವಿನ್ಯಾಸ ಮಾಡಿದ ಮ್ಯಾಥ್ಯೂ ಅಂಡ್ ಘೋಷ್ ಸಂಸ್ಥೆಯವರು ಜೈಲನ್ನು ಪೂರ್ತಿ ಅಳಿಸಿಹಾಕದೆ ಕಾವಲು ಗೋಪುರವನ್ನೂ ಬ್ಯಾರಕ್ಕುಗಳ ಗೋಡೆಗಳನ್ನೂ ಉಳಿಸಿಕೊಂಡರು. ಪ್ರತಿಭಟನೆಗೆಂದೇ ಒಂದು ಭಾಗವನ್ನು ಮೀಸಲಿಟ್ಟರು. ನಡುವಿನ ಗೋಪುರದ ಬುಡದಲ್ಲಿ ನಿಂತು ಸುತ್ತ ನೋಡಿದರೆ ಒಬ್ಬ ಕಾವಲುಗಾರ ಎಷ್ಟು ಜನರ ಮೇಲೆ ಕಣ್ಣಿಡಬಹುದಿತ್ತು ಎಂಬುದು ವಿವರಣೆಯಿಲ್ಲದೆ ಅರ್ಥವಾಗುತ್ತದೆ. ಹಳೆಯ ಕಟ್ಟಡಗಳನ್ನು ಕೆಡವಿ ವಾಣಿಜ್ಯ ಸಂಕೀರ್ಣ ಎಬ್ಬಿಸುವುದೇ ಅಭಿವೃದ್ಧಿ ಎಂದುಕೊಂಡ ಊರಿನಲ್ಲಿ ಇದು ಸಣ್ಣ ಸಾಧನೆಯಲ್ಲ.

ಆದರೆ ಈ ಗೋಡೆಗಳ ನಡುವೆ ಓಡಾಡುವವರಿಗೆ ಇಲ್ಲಿ ಯಾರು ಯಾಕೆ ಸೆರೆಯಲ್ಲಿದ್ದರು ಎಂಬ ವಿವರ ಇನ್ನೂ ಗಟ್ಟಿಯಾಗಿ ಸಿಗಬೇಕು. ಸಂಸದೀಯ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಅಡ್ವಾಣಿ, ಮಧು ದಂಡವತೆ ಅವರನ್ನು ತುರ್ತು ಪರಿಸ್ಥಿತಿ ಹೇರಿದಾಗ, 1975ರ ಜೂನ್ 26ರಂದು ಬಂಧಿಸಿ ಇರಿಸಿದ್ದು ಇಲ್ಲಿಯೇ. ಈ ಸಂಗತಿ ಬಹಳಷ್ಟು ಜನಕ್ಕೆ ಗೊತ್ತು, ರಾಜಕೀಯ ಭಾಷಣಗಳಲ್ಲಿ ಆಗಾಗ ಕೇಳಿಬರುತ್ತದೆ. ಅಷ್ಟಾಗಿ ಕೇಳಿಬರದ ಹೆಸರು ನಟಿ ಸ್ನೇಹಲತಾ ರೆಡ್ಡಿ ಅವರದು. 1976ರ ಮೇ ತಿಂಗಳಲ್ಲಿ ಬಂಧಿತರಾದ ಅವರು ತೀವ್ರ ಅಸ್ತಮಾದಿಂದ ನರಳುತ್ತಲೇ ಸುಮಾರು ಎಂಟು ತಿಂಗಳು ಈ ಜೈಲಿನಲ್ಲಿದ್ದು, ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಅದೇ 1976ರಲ್ಲಿ ತಲೆಮರೆಸಿಕೊಂಡಿದ್ದ ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸ್ ಅವರ ತಮ್ಮ ಲಾರೆನ್ಸ್ ಅವರನ್ನು ಬೆಂಗಳೂರಿನ ಪೊಲೀಸರು ಹಿಡಿದೊಯ್ದು, ಅಣ್ಣನ ಸುಳಿವು ಹೇಳೆಂದು ಚಿತ್ರಹಿಂಸೆ ಕೊಟ್ಟರು. ಶಿಕ್ಷೆ ವಿಧಿಸುವ ಅಧಿಕಾರ ನ್ಯಾಯಾಲಯದಿಂದ ಠಾಣೆಗೆ ಜಾರಿದಾಗ ಏನಾಗುತ್ತದೆ ಎಂಬುದಕ್ಕೆ ಈ ನಗರದಲ್ಲಿ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ಇನ್ನು ಸೇವೆಯ ವಿಮರ್ಶೆ. ತಲುಪುವ ಅನುಕೂಲಕ್ಕೆ ಪೂರ್ಣ ಅಂಕ. ಮೆಜೆಸ್ಟಿಕ್‌ನ ಬಸ್ ನಿಲ್ದಾಣವೂ ನಗರ ರೈಲು ನಿಲ್ದಾಣವೂ ನಡೆದು ಬರುವಷ್ಟು ಹತ್ತಿರ. ರಾಯಚೂರಿನಿಂದಲೋ ಕೊಪ್ಪಳದಿಂದಲೋ ರಾತ್ರಿ ರೈಲಿನಲ್ಲಿ ಬಂದಿಳಿಯುವ ಅಂಗನವಾಡಿ ಕಾರ್ಯಕರ್ತೆಗೆ ಇದು ಸಣ್ಣ ವಿಷಯವಲ್ಲ. ವಿಧಾನಸೌಧ ಎರಡು ಕಿಲೋಮೀಟರಿಗೂ ಕಡಿಮೆ ದೂರದಲ್ಲಿದೆ, ಆದರೆ ಇಲ್ಲಿ ಕೂಗಿದ್ದು ಅಲ್ಲಿಗೆ ಕೇಳಿಸುವುದಿಲ್ಲ. ಮಂತ್ರಿಗಳು ಇಲ್ಲಿಗೆ ಬಂದು ಮನವಿ ಪತ್ರ ತೆಗೆದುಕೊಂಡರೆ ಉಂಟು, ಇಲ್ಲವಾದರೆ ಇಲ್ಲ. ಹಗಲು ರಾತ್ರಿ ಕೂರುವ ಸಾವಿರಾರು ಹೆಂಗಸರಿಗೆ ಬೇಕಾದ ನೆರಳು, ನೀರು, ಶೌಚಾಲಯ ಇವು ಪ್ರತಿಭಟನಾ ಸ್ಥಳವೊಂದರ ಮೂಲ ಸೌಕರ್ಯಗಳು. ಬೇರೆಲ್ಲೂ ಕೂರಬಾರದೆಂದು ನಿರ್ಬಂಧಿಸಿದ ಮೇಲೆ ಇವನ್ನು ಒದಗಿಸುವುದು ಸರ್ಕಾರದ ಉಪಕಾರವಾಗಿ ಉಳಿಯುವುದಿಲ್ಲ, ಹೊಣೆಯಾಗುತ್ತದೆ.

ಆ ನಿರ್ಬಂಧ ಬಂದದ್ದು ಹೀಗೆ. ಮೊದಲೆಲ್ಲ ಮೈಸೂರು ಬ್ಯಾಂಕ್ ವೃತ್ತ, ಪುರಭವನದ ಮೆಟ್ಟಿಲು, ಆನಂದರಾವ್ ವೃತ್ತದ ಗಾಂಧಿ ಪ್ರತಿಮೆ ಹೀಗೆ ಹಲವು ಕಡೆ ಧರಣಿಗಳು ನಡೆಯುತ್ತಿದ್ದವು. ಮೆರವಣಿಗೆಗಳಿಂದಾಗುವ ಸಂಚಾರ ದಟ್ಟಣೆಯ ಬಗ್ಗೆ 2021ರಲ್ಲಿ ಕರ್ನಾಟಕ ಹೈಕೋರ್ಟ್ ಸ್ವಯಂಪ್ರೇರಿತ ಅರ್ಜಿ ದಾಖಲಿಸಿಕೊಂಡಿತು. ಅದರ ಬೆನ್ನಲ್ಲೇ ಬೆಂಗಳೂರು ನಗರಕ್ಕೆಂದು ಪ್ರತಿಭಟನೆ, ಧರಣಿ ಮತ್ತು ಮೆರವಣಿಗೆಗಳ ನಿಯಂತ್ರಣದ 2021ರ ಆದೇಶ ಹೊರಬಿದ್ದು, ಫ್ರೀಡಂ ಪಾರ್ಕ್ ಬಿಟ್ಟು ಬೇರೆಲ್ಲೂ ಪ್ರತಿಭಟಿಸುವಂತಿಲ್ಲ ಎಂದಾಯಿತು. 2022ರಲ್ಲಿ ನ್ಯಾಯಾಲಯವೂ ಇದನ್ನು ಕಟ್ಟುನಿಟ್ಟಾಗಿ ಪಾಲಿಸುವಂತೆ ಹೇಳಿತು. ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ದೆಹಲಿಯ ರಸ್ತೆಯಲ್ಲಿ ನಡೆದ ಧರಣಿಯ ಶಾಹೀನ್ ಬಾಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್‌ನಲ್ಲಿ, ಸಾರ್ವಜನಿಕ ರಸ್ತೆಗಳನ್ನು ಅನಿರ್ದಿಷ್ಟ ಕಾಲ ಆಕ್ರಮಿಸುವಂತಿಲ್ಲ, ಪ್ರತಿಭಟನೆ ಗೊತ್ತುಪಡಿಸಿದ ಜಾಗದಲ್ಲೇ ನಡೆಯಬೇಕು ಎಂದಿದ್ದು ಇದಕ್ಕೆ ಬಲ ಕೊಟ್ಟಿತು.

ಈ ವ್ಯವಸ್ಥೆಯನ್ನು ಮೆಚ್ಚುವವರ ವಾದ ಹಗುರವಾದುದಲ್ಲ. ಆಂಬುಲೆನ್ಸಿನಲ್ಲಿ ಮಲಗಿದ ರೋಗಿಗೂ ಪರೀಕ್ಷೆಗೆ ಹೊರಟ ವಿದ್ಯಾರ್ಥಿಗೂ ಹಕ್ಕುಗಳಿವೆ. ಜಾಗ ಗೊತ್ತಾಗಿದ್ದರೆ ಪೊಲೀಸರು ಬಂದೋಬಸ್ತ್‌ಗೆ ತಯಾರಾಗಿರುತ್ತಾರೆ, ಕೊನೆಯ ಗಳಿಗೆಯ ಗಾಬರಿಯಲ್ಲಿ ಲಾಠಿ ಬೀಸುವ ಪ್ರಸಂಗ ಕಡಿಮೆಯಾಗುತ್ತದೆ ಎನ್ನುತ್ತಾರೆ. ದೇವನಹಳ್ಳಿಯ ಉದಾಹರಣೆಯೂ ಅವರ ಪರವಾಗಿಯೇ ಇದೆ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಭೂಸ್ವಾಧೀನದ ವಿರುದ್ಧ ಸಾವಿರಕ್ಕೂ ಹೆಚ್ಚು ದಿನ ಧರಣಿ ಕುಳಿತಿದ್ದ ರೈತರನ್ನು 2025ರ ಜೂನ್ 25ರಂದು ದೇವನಹಳ್ಳಿಯಲ್ಲಿ ಪೊಲೀಸರು ಎಳೆದಾಡಿ ವಶಕ್ಕೆ ಪಡೆದರು. ಹೋರಾಟ ಫ್ರೀಡಂ ಪಾರ್ಕಿಗೆ ಬಂತು. ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನವನ್ನು ಕೈಬಿಟ್ಟಿರುವುದಾಗಿ ಘೋಷಿಸಿದರು. ಈ ಆವರಣ ಕೆಲಸ ಮಾಡುತ್ತದೆ ಎನ್ನಲು ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಇರಲಾರದು.

ಆದರೂ ನಾನು ಒಪ್ಪುವುದಿಲ್ಲ. ದೇವನಹಳ್ಳಿಯವರಿಗೆ ಮೂರು ವರ್ಷಗಳ ಸಂಘಟನೆ ಇತ್ತು, ಹಿಂದೆ ನಿಂತ ಹತ್ತಾರು ಸಂಘಗಳಿದ್ದವು. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿ ಹಿಂಪಡೆಯುವ ನಿಯಮ ಬದಲಾದಾಗ ಬೀದಿಗಿಳಿದ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಇದಾವುದೂ ಇರಲಿಲ್ಲ. ಹೊಸೂರು ರಸ್ತೆಯಲ್ಲಿ ಅವರು ಸಾವಿರಾರು ಸಂಖ್ಯೆಯಲ್ಲಿ ಕುಳಿತರು. ಲಾಠಿ ಪ್ರಹಾರವೂ ಆಯಿತು, ಬಸ್ಸುಗಳೂ ಸುಟ್ಟವು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ನಿಯಮವನ್ನು ಹಿಂಪಡೆಯಿತು. ಬಸ್ ಸುಟ್ಟದ್ದನ್ನು ಯಾರೂ ಸಮರ್ಥಿಸಬೇಕಿಲ್ಲ. ಆದರೆ ಮೊದಲೇ ಅರ್ಜಿ ಸಲ್ಲಿಸಿ, ಸಂಘಟಕರ ಹೆಸರು ಕೊಟ್ಟು, ಅನುಮತಿ ಪಡೆದು ಗಾಂಧಿನಗರಕ್ಕೆ ಬನ್ನಿ ಎಂದು ಆ ಹೆಣ್ಣುಮಕ್ಕಳಿಗೆ ಹೇಳಿದ್ದರೆ ಅವರ ದುಡ್ಡಿನ ಗತಿ ಏನಾಗುತ್ತಿತ್ತು ಎಂದು ಊಹಿಸುವುದು ಕಷ್ಟವಲ್ಲ.

ರಸ್ತೆ ಎಲ್ಲರದ್ದು ಎಂಬ ತತ್ವವನ್ನಾದರೂ ಸಮನಾಗಿ ಅನ್ವಯಿಸಬೇಕಿತ್ತು. 2025ರ ಜೂನ್ 4ರಂದು ಕ್ರಿಕೆಟ್ ತಂಡವೊಂದರ ವಿಜಯೋತ್ಸವಕ್ಕೆ ವಿಧಾನಸೌಧದ ಮೆಟ್ಟಿಲುಗಳೇ ಸಿಕ್ಕವು. ಅದೇ ದಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತದಲ್ಲಿ 11 ಜನ ಸತ್ತರು. ಜನಸಂದಣಿಯ ಅಪಾಯದ ಬಗ್ಗೆ ಆಡಳಿತಕ್ಕಿರುವ ಎಚ್ಚರ ಯಾವ ಸಂದಣಿ ಎಂಬುದರ ಮೇಲೆ ನಿಂತಿದೆ ಎಂದು ನನಗೆ ಅನಿಸಿದರೆ ಅದು ಅತಿಯಾದ ಅನುಮಾನವಲ್ಲ.

ಆವರಣದ ಒಳಗಿದ್ದ ಮಾತ್ರಕ್ಕೆ ರಕ್ಷಣೆ ಖಾತ್ರಿಯೂ ಅಲ್ಲ. 2020ರ ಫೆಬ್ರುವರಿ 20ರಂದು ಇಲ್ಲಿಯ ವೇದಿಕೆಯಲ್ಲಿ ಕೂಗಿದ ಘೋಷಣೆಗಾಗಿ ವಿದ್ಯಾರ್ಥಿನಿಯೊಬ್ಬಳ ಮೇಲೆ ರಾಜದ್ರೋಹದ ಪ್ರಕರಣ ದಾಖಲಾಯಿತು. ನಿಗದಿತ ಅವಧಿಯಲ್ಲಿ ಪೊಲೀಸರು ಆರೋಪಪಟ್ಟಿ ಸಲ್ಲಿಸದ ಕಾರಣಕ್ಕೆ ಜೂನ್‌ನಲ್ಲಿ ಜಾಮೀನು ಸಿಕ್ಕಿತು. ಆ ಘೋಷಣೆ ಸರಿಯೇ ತಪ್ಪೇ ಎಂದು ನಾಡೆಲ್ಲ ಜಗಳವಾಡಿತು. ತೀರ್ಪೇ ಇಲ್ಲದೆ ಕಳೆದ ಆ ಸೆರೆವಾಸವನ್ನು ಯಾವ ಲೆಕ್ಕಕ್ಕೆ ಹಾಕಬೇಕೆಂದು ಕೇಳಿದವರು ಕಡಿಮೆ. ಕಾನೂನುಬಾಹಿರ ಕೂಟಕ್ಕೆ ಭಾರತೀಯ ನ್ಯಾಯ ಸಂಹಿತೆಯ 189ನೇ ಸೆಕ್ಷನ್ ಹೇಳುವ ಸಾಮಾನ್ಯ ಶಿಕ್ಷೆ ಆರು ತಿಂಗಳವರೆಗಿನದು, ನೋಡಲು ಚಿಕ್ಕದು. ಅದಕ್ಕಾಗಿ ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆಯುವ ರೈತನಿಗೆ, ಪಾಸ್‌ಪೋರ್ಟ್ ಪರಿಶೀಲನೆಯಲ್ಲಿ ಸಿಕ್ಕಿಬೀಳುವ ಯುವಕನಿಗೆ ಅದು ಚಿಕ್ಕದಲ್ಲ.

ಇದಕ್ಕೆ ಎದುರು ವಾದದವರು ಕಲ್ಲು ತೂರಿದವರಿಗೆ ರಾಜಕೀಯ ಕೃಪೆ ಸಿಗುತ್ತಿದೆ ಎಂದು ಸಿಟ್ಟಾಗುತ್ತಾರೆ. 2022ರ ಹಳೇ ಹುಬ್ಬಳ್ಳಿ ಗಲಭೆಯೂ ಸೇರಿ 43 ಪ್ರಕರಣಗಳನ್ನು ಹಿಂಪಡೆಯುವ 2024ರ ಅಕ್ಟೋಬರ್‌ನ ಸರ್ಕಾರಿ ಆದೇಶವನ್ನು ಹೈಕೋರ್ಟ್ 2025ರ ಮೇ ತಿಂಗಳಲ್ಲಿ ರದ್ದುಪಡಿಸಿದ್ದನ್ನು ನೆನಪಿಸುತ್ತಾರೆ. ಆ ಸಿಟ್ಟಿನಲ್ಲಿ ಹುರುಳಿದೆ: ಮೊಕದ್ದಮೆ ಹೂಡುವುದೂ ಕೈಬಿಡುವುದೂ ಗದ್ದುಗೆಯಲ್ಲಿ ಕುಳಿತವರ ಇಷ್ಟದಂತೆ ನಡೆಯಬಾರದು. ಆದರೆ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. ಕರ್ತವ್ಯದ ನೆಪದಲ್ಲಿ ಮಿತಿಮೀರಿದ ಪೊಲೀಸ್ ಅಧಿಕಾರಿಯ ಮೇಲೆ ಮೊಕದ್ದಮೆ ನಡೆಯಬೇಕಾದರೆ ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಸೆಕ್ಷನ್ ಪ್ರಕಾರ ಸರ್ಕಾರದ ಪೂರ್ವಾನುಮತಿ ಬೇಕು. ಬೆಂಗಳೂರಿನ ಅಧಿಕಾರಿಯೊಬ್ಬರ ಮೇಲಿನ ಥಳಿತದ ದೂರನ್ನು 2020ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿದ್ದು ಆ ಅನುಮತಿ ಇಲ್ಲವೆಂಬ ಕಾರಣಕ್ಕೇ. ಧರಣಿ ಕುಳಿತವನ ಮೇಲೆ ಎಫ್‌ಐಆರ್ ಹಾಕಲು ಯಾರ ಅಪ್ಪಣೆಯೂ ಬೇಕಿಲ್ಲ.

ಪೊಲೀಸರು ಹೇರಿದ ನಿರ್ಬಂಧವೆಲ್ಲ ಕಾನೂನುಬದ್ಧ ಎಂದು ನಂಬಬೇಕಾಗಿಯೂ ಇಲ್ಲ. 2019ರ ಡಿಸೆಂಬರ್ 19ರಂದು ಪುರಭವನದ ಮುಂದೆ ಇತಿಹಾಸಕಾರ ರಾಮಚಂದ್ರ ಗುಹಾ ಅವರೂ ಸೇರಿ ಅನೇಕರನ್ನು ವಶಕ್ಕೆ ಪಡೆಯಲು ಆಧಾರವಾಗಿದ್ದ, ಗುಂಪುಗೂಡುವುದನ್ನು ನಿಷೇಧಿಸುವ 144ನೇ ಸೆಕ್ಷನ್‌ನ ಆದೇಶವನ್ನು 2020ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅಕ್ರಮವೆಂದು ಸಾರಿತು. ತೀರ್ಪು ಬರುವ ಹೊತ್ತಿಗೆ ಬಂಧನ ಮುಗಿದುಹೋಗಿತ್ತು.

ಸ್ಮಾರಕ ಮತ್ತು ಉದ್ಯಾನವಾಗಿ ಫ್ರೀಡಂ ಪಾರ್ಕಿಗೆ ಐದರಲ್ಲಿ ನಾಲ್ಕು. ಹಲವು ಪ್ರತಿಭಟನಾ ಸ್ಥಳಗಳಲ್ಲಿ ಒಂದಾಗಿದ್ದರೆ ಮೂರೂವರೆ ಕೊಡುತ್ತಿದ್ದೆ. ಏಕೈಕ ಸ್ಥಳವಾಗಿ ಎರಡು. ಈ ಅಂಕ ಏರಬೇಕಾದರೆ 2021ರ ಆದೇಶಕ್ಕೆ ತಿದ್ದುಪಡಿ ಬರಬೇಕು: ಭಾನುವಾರ ಮತ್ತು ರಜಾದಿನಗಳಲ್ಲಿ ಗೊತ್ತಾದ ಹೊತ್ತಿನೊಳಗೆ ರೈಲು ನಿಲ್ದಾಣದಿಂದ ವಿಧಾನಸೌಧದ ಕಡೆಗೆ ಮೆರವಣಿಗೆಗೆ ಒಂದು ಮಾರ್ಗ ಬಿಡಲಿ, ವಲಯಕ್ಕೊಂದರಂತೆ ಇನ್ನಷ್ಟು ಮೈದಾನಗಳು ಸೇರಲಿ, ಅನುಮತಿ ನಿರಾಕರಿಸಿದರೆ ಕಾರಣವನ್ನು ಅದೇ ದಿನ ಬರಹದಲ್ಲಿ ಕೊಡಲಿ.