ಐವತ್ತು ದಾಟಿದವನ ಪಿಎಸ್4 ಸ್ಲಿಮ್: ವರ್ಷಗಟ್ಟಲೆ ಬಳಸಿದ ಮೇಲೆ ಅನಿಸಿದ್ದು

ಐವತ್ತು ದಾಟಿದವನೊಬ್ಬ ಸೋನಿಯ ಪ್ಲೇಸ್ಟೇಷನ್ 4 (ಪಿಎಸ್4) ಸ್ಲಿಮ್ ಅನ್ನೋ ಗೇಮ್ ಕನ್ಸೋಲ್‌ಗೆ ವಿಮರ್ಶೆ ಬರೆಯುತ್ತಿದ್ದಾನೆ ಅಂದರೆ ನನ್ನ ಮಗಳಿಗೇ ನಗು. ನಗಲಿ ಬಿಡಿ. ವಿಸಿಆರ್ ಬಾಡಿಗೆಗೆ ತಂದು ರಾತ್ರಿಯೆಲ್ಲ ಸಿನಿಮಾ ನೋಡಿದ, ಟಿವಿ ಗೇಮ್‌ನಲ್ಲಿ ಕಾಂಟ್ರಾ ಆಡಿ ಹೆಬ್ಬೆರಳು ನೋಯಿಸಿಕೊಂಡ ತಲೆಮಾರು ನಮ್ಮದು. ಆ ಚಟ ಹೋಗಿಲ್ಲ. ಕಣ್ಣು, ಕೈ, ತಾಳ್ಮೆ ಮಾತ್ರ ಮೊದಲಿನಂತಿಲ್ಲ. ಹಾಗಾಗಿ ಎಷ್ಟು ಟೆರಾಫ್ಲಾಪ್, ಎಷ್ಟು ಫ್ರೇಮ್ ಅನ್ನೋ ಲೆಕ್ಕ ಇಲ್ಲಿ ಸಿಗುವುದಿಲ್ಲ. ನನ್ನಂಥವರಿಗೆ ಇದು ಆಗಿಬರುತ್ತಾ ಅನ್ನೋದಷ್ಟೇ ಪ್ರಶ್ನೆ.

ಆಗಿಬರುತ್ತದೆ. ಮುಖ್ಯ ಕಾರಣ ರೆಸ್ಟ್ ಮೋಡ್. ಆಟದ ಮಧ್ಯೆ ಕುಕ್ಕರ್ ಕೂಗಿತು, ಗ್ಯಾಸ್‌ನವನು ಬಂದ ಅಂದರೆ ಹಾಗೇ ಮಲಗಿಸಿ ಎದ್ದು ಹೋಗಬಹುದು. ಮಾರನೇ ದಿನ ಎಬ್ಬಿಸಿದರೆ ಅದೇ ಬಂಡೆ, ಅದೇ ಶತ್ರು, ಅದೇ ಗುಂಡು. ಮೊದಲಿನ ಕಾಲದ ಹಾಗೆ ಸೇವ್ ಮಾಡುವ ಜಾಗ ಹುಡುಕಿಕೊಂಡು ಅರ್ಧ ಗಂಟೆ ಓಡಬೇಕಿಲ್ಲ. ಕರೆಂಟ್ ಹೋಯಿತೋ, ಕಥೆ ಬೇರೆ. ಯುಪಿಎಸ್ ಇಟ್ಟುಕೊಳ್ಳಿ.

ಸಿನಿಮಾ ವಿಷಯಕ್ಕೆ ಬಂದರೆ ಸ್ವಲ್ಪ ಗೊಣಗಾಟ ಇದೆ. ಬ್ಲೂ-ರೇ, ಡಿವಿಡಿ ಎರಡೂ ಚೆನ್ನಾಗಿ ಓಡುತ್ತವೆ. ಆದರೆ ಇದು ವಿಸಿಡಿ ಓದುವುದಿಲ್ಲ, ಆಡಿಯೋ ಸಿಡಿಯನ್ನೂ ಓದುವುದಿಲ್ಲ. ಕನ್ನಡ ಸಿನಿಮಾ ಸಂಗ್ರಹ ಇರುವವರ ಕಪಾಟಿನಲ್ಲಿ ಏನಿರುತ್ತದೆ ಹೇಳಿ? ಅರ್ಧಕ್ಕರ್ಧ ವಿಸಿಡಿನೇ ಅಲ್ವಾ! ಅವಕ್ಕೆಲ್ಲ ಹಳೇ ಡಿವಿಡಿ ಪ್ಲೇಯರೇ ಗತಿ. ಇನ್ನೊಂದು, 2013ರಲ್ಲಿ ಬಂದ ಮೊದಲ ಪಿಎಸ್4ರಲ್ಲಿ ಆಂಪ್ಲಿಫೈಯರ್‌ಗೆ ಶಬ್ದ ಕಳಿಸುವ ಆಪ್ಟಿಕಲ್ ಆಡಿಯೋ ಕಿಂಡಿ ಇತ್ತು. 2016ರ ಸ್ಲಿಮ್‌ನಲ್ಲಿ ಅದನ್ನು ತೆಗೆದುಬಿಟ್ಟರು. ಹಳೇ ಆಂಪ್ಲಿಫೈಯರ್ ಪ್ರೀತಿಯಿಂದ ಇಟ್ಟುಕೊಂಡವರು ಕೊಳ್ಳುವ ಮುಂಚೆ ಇದನ್ನು ನೆನಪಿಟ್ಟುಕೊಳ್ಳಬೇಕು. ನಾನೀಗ ಟಿವಿ ಮೂಲಕ ಸುತ್ತು ಹೊಡೆಸಿ ಶಬ್ದ ತರುತ್ತಿದ್ದೇನೆ.

ಕಣ್ಣಿನ ವಿಚಾರ. ಈಗಿನ ಆಟಗಳಲ್ಲಿ ಅಕ್ಷರ ಯಾಕಿಷ್ಟು ಚಿಕ್ಕದೋ ಗೊತ್ತಿಲ್ಲ. ಆಟ ಮಾಡುವವರು ಮಾನಿಟರ್‌ಗೆ ಮೂಗು ತಾಗಿಸಿ ಕೂತಿರುತ್ತಾರೆ, ಆಡುವವರು ಹತ್ತಡಿ ದೂರದ ಸೋಫಾದಲ್ಲಿ. 2018ರ ಗಾಡ್ ಆಫ್ ವಾರ್ ಆಟದ ಬಗ್ಗೆ ಇದೇ ದೂರು ಜೋರಾಗಿ ಎದ್ದು, ಅಕ್ಷರ ದೊಡ್ಡದು ಮಾಡುವ ಅಪ್‌ಡೇಟನ್ನೇ ಆಮೇಲೆ ಕೊಟ್ಟರು. ನಾನೊಬ್ಬನೇ ಮುದುಕ ಅಲ್ಲ ಅಂತ ಸಮಾಧಾನ ಆಯಿತು. ಸೆಟ್ಟಿಂಗ್ಸ್‌ನ ಅಕ್ಸೆಸಿಬಿಲಿಟಿ ವಿಭಾಗದಲ್ಲಿ ಜೂಮ್ ಆನ್ ಮಾಡಿಟ್ಟರೆ ಪಿಎಸ್ ಬಟನ್ ಒತ್ತಿ ಹಿಡಿದು ಚೌಕದ ಬಟನ್ ಒತ್ತಿದಾಗ ಪರದೆ ಹಿಗ್ಗುತ್ತದೆ. ಬಟನ್‌ಗಳನ್ನು ಅದಲು ಬದಲು ಮಾಡುವ ಸೌಲಭ್ಯವೂ ಅಲ್ಲೇ ಇದೆ. ಬಹಳ ಜನ ಅತ್ತ ಕಡೆ ಹೋಗುವುದೇ ಇಲ್ಲ. ಇನ್ನು ಈಸಿ ಮೋಡ್‌ನಲ್ಲಿ ಆಡಲು ಯಾವ ಸಂಕೋಚವೂ ಬೇಡ. ನಮ್ಮ ಮರ್ಯಾದೆ ಹೋಗಲು ಬೇರೆ ದಾರಿಗಳಿವೆ.

ಇಷ್ಟೆಲ್ಲದರ ಮೇಲೆ ನಾನು ಈ ಪೆಟ್ಟಿಗೆಯನ್ನು ಮಾರದೆ ಇಟ್ಟುಕೊಂಡಿದ್ದಕ್ಕೆ ಒಂದು ಆಟವೇ ಸಾಕು: ಅನ್‌ಚಾರ್ಟೆಡ್, ದಿ ಲಾಸ್ಟ್ ಲೆಗಸಿ. 2017ರದ್ದು. ನಾಟಿ ಡಾಗ್ ಅನ್ನೋ ಅಮೆರಿಕದ ಸಂಸ್ಥೆ ಮಾಡಿದ್ದು. ಕಥೆ ನಡೆಯುವುದು ಎಲ್ಲಿ ಅಂತೀರಿ? ನಮ್ಮ ಪಶ್ಚಿಮ ಘಟ್ಟದಲ್ಲಿ. ಹುಡುಕುವುದು ಹೊಯ್ಸಳರ ಕಾಲದ ಗಣೇಶನ ದಂತವನ್ನು. ಬೇಲೂರು, ಹಳೇಬೀಡು ಹೆಸರುಗಳು ಆಟದೊಳಗೆ ಬಂದಾಗ ನಾನು ಸೋಫಾದಿಂದ ಎದ್ದೇ ನಿಂತಿದ್ದೆ. ಪರಶುರಾಮನ ಕೊಡಲಿಗೆ ಗಣೇಶನ ದಂತ ಮುರಿದ ಕಥೆಯನ್ನು ನಾಯಕಿ ಕ್ಲೋಯಿ ತನ್ನ ಜೊತೆಗಾತಿ ನಡೀನ್‌ಗೆ ಹೇಳುವ ಜಾಗ ಬಹಳ ಚೆನ್ನಾಗಿದೆ. ಜೀಪ್ ಓಡಿಸಿಕೊಂಡು ಕೆಸರಲ್ಲಿ, ಝರಿಯಲ್ಲಿ ಸುತ್ತುತ್ತಾ ಹೊಯ್ಸಳ ಟೋಕನ್‌ಗಳನ್ನು ಕಲೆಹಾಕುವ ಭಾಗ ಕಡ್ಡಾಯ ಅಲ್ಲ. ನಾನಂತೂ ಒಂದನ್ನೂ ಬಿಟ್ಟಿಲ್ಲ.

ಆದರೆ ಹಾಸನದ ಕಡೆ ಓಡಾಡಿದವರಿಗೆ ಒಂದು ಕಸಿವಿಸಿ ಆಗೇ ಆಗುತ್ತದೆ. ಆಟದ ಹಳೇಬೀಡಿನಲ್ಲಿ ಆಕಾಶ ಮುಟ್ಟುವ ವಿಗ್ರಹಗಳು, ಧೋ ಅನ್ನುವ ಜಲಪಾತಗಳು. ನಿಜವಾದ ಹಳೇಬೀಡು ಬಯಲು ಸೀಮೆಯ ಅಂಚಿನ ಊರು. ಹೊಯ್ಸಳರ ಕೆಲಸದ ಸೊಗಸು ಎತ್ತರದಲ್ಲಿಲ್ಲ. ಬಳಪದ ಕಲ್ಲಿನಲ್ಲಿ ಉಗುರಗಲದ ಒಡವೆಯನ್ನೂ ಬಿಡದೆ ಕೆತ್ತಿದ್ದರಲ್ಲಿದೆ. ಗೋಡೆಯ ಬುಡದಲ್ಲಿ ಸಾಲು ಆನೆಗಳಿವೆಯಲ್ಲ, ಅವನ್ನು ಬಗ್ಗಿ ಕೂತು ನೋಡಬೇಕು, ಒಂದೊಂದರ ಸೊಂಡಿಲೂ ಬೇರೆ ಥರ. ಆ ಬಗ್ಗಿ ನೋಡುವ ಸುಖವನ್ನು ಆಟ ಕೊಡುವುದಿಲ್ಲ, ತಲೆ ಎತ್ತಿ ಬಾಯಿ ಬಿಡಿಸುತ್ತದೆ ಅಷ್ಟೇ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋ ಪಟ್ಟಿಗೆ ಸೇರಿದವು. ಅದಕ್ಕೆ ಆರು ವರ್ಷ ಮುಂಚೆಯೇ ಕ್ಯಾಲಿಫೋರ್ನಿಯಾದವರು ಅಲ್ಲಿ ಜೀಪ್ ಓಡಿಸಿ ಮುಗಿಸಿದ್ದರು! ನಮ್ಮವರೇ ಮಾಡಿದ್ದರೆ ಹೇಗಿರುತ್ತಿತ್ತು ಅನ್ನೋ ಆಸೆ ಇನ್ನೂ ಇದೆ.

ಲಾಸ್ಟ್ ಲೆಗಸಿಯ ಇನ್ನೊಂದು ಗುಣ, ಬೇಗ ಮುಗಿಯುತ್ತದೆ. ಒಂದೆರಡು ವಾರಾಂತ್ಯ ಸಾಕು. ರೆಡ್ ಡೆಡ್ ರಿಡೆಂಪ್ಷನ್ 2 ಅನ್ನೋ ಆಟ ಅದ್ಭುತ ಅಂತ ನಾನೂ ಒಪ್ಪುತ್ತೇನೆ. ಎರಡು ಡಿಸ್ಕ್, ಸುಮಾರು ನೂರು ಜಿಬಿ, ಕುದುರೆ ಮೈ ತಿಕ್ಕುವುದೂ ಆಟದ ಭಾಗ. ಮಧ್ಯೆ ಒಂದು ತಿಂಗಳು ಬಿಟ್ಟು ಕೂತರೆ ಯಾವ ಬಟನ್ ಒತ್ತಿದರೆ ಬಂದೂಕು, ಯಾವುದಕ್ಕೆ ನಮಸ್ಕಾರ ಅನ್ನೋದೇ ಮರೆತಿರುತ್ತದೆ. ದಾರಿಹೋಕನಿಗೆ ಸುಮ್ನೆ ಹಲೋ ಹೇಳಲು ಹೋಗಿ ಗುಂಡು ಹಾರಿಸಿದವರು ನನ್ನ ಗೆಳೆಯರಲ್ಲೂ ಇದ್ದಾರೆ.

ಈಗಿನ ಸಿನಿಮಾಗಳ ಬಗ್ಗೆಯೂ ನನಗೆ ಇದೇ ತಕರಾರು. ಮೂರು ಗಂಟೆ ಕೂರಿಸಿ, ಕೊನೆಗೆ ಭಾಗ ಎರಡು ನೋಡಿ ಅನ್ನುತ್ತಾರೆ. ಹೊಡೆದಾಟದಲ್ಲಿ ಅರೆಕ್ಷಣಕ್ಕೊಂದು ಕಟ್, ಯಾರು ಯಾರಿಗೆ ಹೊಡೆದರು ಗೊತ್ತಾಗಲ್ಲ. ಅದೇ ಗಾಡ್ ಆಫ್ ವಾರ್ ಶುರುವಿನಿಂದ ಕೊನೆವರೆಗೆ ಒಂದೇ ಶಾಟ್‌ನಂತೆ ಹೋಗುತ್ತದೆ, ಕ್ಯಾಮೆರಾ ಎಲ್ಲೂ ಕತ್ತರಿಸುವುದಿಲ್ಲ. ಹೊಡೆತದ ಭಾರ ನಮ್ಮ ಕೈಗೇ ಬಂದ ಹಾಗಾಗುತ್ತದೆ. ಸಿನಿಮಾ ಮಾಡುವ ಹುಡುಗರು ಒಮ್ಮೆ ಕೂತು ಆಡಲಿ.

ನನ್ನ ಸ್ಲಿಮ್‌ನ 500 ಜಿಬಿ ಹಾರ್ಡ್ ಡಿಸ್ಕ್ ಈಗಿನ ಆಟಗಳಿಗೆ ಏನೇನೂ ಸಾಲದು. ಆದರೆ ಬದಲಾಯಿಸುವುದು ಸುಲಭ. ಹಿಂದುಗಡೆ ಮೂಲೆಯ ಪ್ಲಾಸ್ಟಿಕ್ ಮುಚ್ಚಳ ಎಳೆದು, ಒಂದು ಸ್ಕ್ರೂ ಬಿಚ್ಚಿದರೆ ಹಾರ್ಡ್ ಡಿಸ್ಕ್ ಕೈಗೆ ಬರುತ್ತದೆ. ಲ್ಯಾಪ್‌ಟಾಪ್‌ನ 2.5 ಇಂಚಿನ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್‌ಗಿಂತ ವೇಗದ್ದು) ಹಾಕಿದೆ, ಲೋಡಿಂಗ್ ಕಾಯುವ ಕಾಟ ಕಡಿಮೆಯಾಯಿತು.

ಪಿಎಸ್5 ಬಂದು ವರ್ಷಗಳಾದವು, ಸೆಕೆಂಡ್ ಹ್ಯಾಂಡ್ ಪಿಎಸ್4 ಕೊಳ್ಳಬಹುದಾ ಅಂತ ಕೇಳುವವರು ಜಾಸ್ತಿ. ಕೊಳ್ಳಿ, ಆದರೆ ಆಟದ ಡಿಸ್ಕ್ ಒಂದನ್ನು ಜೊತೆಗೇ ಒಯ್ಯಿರಿ. ಹಾಕಿ, ತೆಗೆದು, ಮತ್ತೆ ಹಾಕಿ ನೋಡಿ. ಅರ್ಧ ಗಂಟೆ ಆಡಿ ಫ್ಯಾನ್ ಸದ್ದು ಕೇಳಿ. ಸಿಸ್ಟಂ ಸಾಫ್ಟ್‌ವೇರ್ 9.00 ಅಥವಾ ಅದರ ಈಚಿನದು ಇದೆಯಾ ಪರೀಕ್ಷಿಸಿ. ಅದಕ್ಕಿಂತ ಹಳೆಯದಾದರೆ, ಒಳಗಿನ ಗಡಿಯಾರದ ಬ್ಯಾಟರಿ ಸತ್ತು ಇಂಟರ್‌ನೆಟ್ಟೂ ಇಲ್ಲದಾಗ ಡಿಸ್ಕ್ ಆಟಗಳೇ ಓಡದೆ ನಿಲ್ಲುವ ತೊಂದರೆ ಇತ್ತು. ಎಲ್ಲ ಸರಿ ಇದ್ದರೂ ಮುಖದಲ್ಲಿ ತೋರಿಸಿಕೊಳ್ಳಬೇಡಿ. ಇನ್ನೊಂದು ಕಂಟ್ರೋಲರ್ ಸೇರಿಸಿ ಕೊಡಿ ಅಂತ ಕೇಳಿ.