ಎಲೆಯಿಂದ ಡಿಎನ್‌ಎ: ಕಯಾಜೆನ್‌ನ ಡಿಎನ್‌ಈಸಿ ಪ್ಲಾಂಟ್ ಮಿನಿ ಕಿಟ್ ಎಲ್ಲಿ ನಂಬಬಹುದು, ಎಲ್ಲಿ ಕೈಕೊಡುತ್ತದೆ

ಪಪ್ಪಾಯಿ ಸಸಿ ಹೆಣ್ಣೋ, ಗಂಡೋ, ದ್ವಿಲಿಂಗಿಯೋ ಎಂಬುದು ಹೂ ಬಿಡುವ ತನಕ ಕಣ್ಣಿಗೆ ಗೊತ್ತಾಗುವುದಿಲ್ಲ. ಎಲೆಯ ಡಿಎನ್‌ಎ ನೋಡಿದರೆ ಗೊತ್ತಾಗುತ್ತದೆ. ಗಂಡು ಗಿಡದಲ್ಲಿ ವೈ ವರ್ಣತಂತು ಇರುತ್ತದೆ, ದ್ವಿಲಿಂಗಿಯಲ್ಲಿ ಅದರದೇ ಸ್ವಲ್ಪ ಬದಲಾದ ರೂಪವಾದ ವೈಎಚ್ ಇರುತ್ತದೆ, ಹೆಣ್ಣಿನಲ್ಲಿ ಎರಡೂ ಇಲ್ಲ. ಆ ಭಾಗಕ್ಕೆಂದೇ ಮಾಡಿದ ಪ್ರೈಮರ್ (ಗುರಿಗೆ ಅಂಟುವ ಚಿಕ್ಕ ಡಿಎನ್‌ಎ ತುಣುಕು) ಹಾಕಿ ಪಿಸಿಆರ್ (ಆ ಭಾಗವನ್ನಷ್ಟೇ ಲೆಕ್ಕವಿಲ್ಲದಷ್ಟು ಪ್ರತಿ ಮಾಡುವ ವಿಧಾನ) ಮಾಡಿದಾಗ, ಡಿಎನ್‌ಎ ತುಣುಕುಗಳನ್ನು ಬೇರ್ಪಡಿಸಿ ತೋರಿಸುವ ಜೆಲ್ ಮೇಲೆ ಬ್ಯಾಂಡ್ (ಪಟ್ಟಿ) ಬಂದರೆ ಗಂಡು ಅಥವಾ ದ್ವಿಲಿಂಗಿ, ಬಾರದಿದ್ದರೆ ಹೆಣ್ಣು. ತೊಂದರೆ ಇರುವುದು ಈ ಬಾರದ ಬ್ಯಾಂಡ್‌ನಲ್ಲೇ. ಡಿಎನ್‌ಎ ಜೊತೆ ಎಲೆಯ ಚೊಗರೋ ಲೋಳೆಯೋ ಉಳಿದಿದ್ದರೂ ಬ್ಯಾಂಡ್ ಬರುವುದಿಲ್ಲ. ಆಗ ಗಂಡು ಸಸಿಗೂ ಹೆಣ್ಣೆಂಬ ಚೀಟಿ ಅಂಟುತ್ತದೆ.

ಹಾಗಾಗಿ ಡಿಎನ್‌ಎ ತೆಗೆಯುವ ಕಿಟ್ಟನ್ನು ಎಷ್ಟು ಮೈಕ್ರೋಗ್ರಾಂ ಕೊಟ್ಟಿತು ಎಂಬುದಷ್ಟರಿಂದಲೇ ಅಳೆಯಬಾರದು. ಅದು ಕೊಟ್ಟ ಡಿಎನ್‌ಎಯಲ್ಲಿ ಖಾಲಿ ಲೇನ್ (ಜೆಲ್ಲಿನಲ್ಲಿ ಒಂದು ಸ್ಯಾಂಪಲ್ಲಿನ ಸಾಲು) ಬಂದರೆ ಅದನ್ನು ನಂಬಬಹುದೇ ಎಂದು ಕೇಳಬೇಕು. ಈ ಅಳತೆಯಲ್ಲಿ ಡಿಎನ್‌ಈಸಿ ಪ್ಲಾಂಟ್ ಮಿನಿ ಎಳೆಯ, ಮೆತ್ತಗಿನ ಎಲೆಗಳಿಗೆ ತುಂಬಾ ಒಳ್ಳೆಯ ಕಿಟ್. ಚೊಗರು ಎಲೆಗಳಿಗೆ ಎಚ್ಚರದಿಂದ ಬಳಸಿದರೆ ಪರವಾಗಿಲ್ಲ. ಲೋಳೆ ಎಲೆಗಳಿಗೆ ದುಡ್ಡು ದಂಡ.

ಪೆಟ್ಟಿಗೆಯಲ್ಲಿ ಎರಡು ಬಗೆಯ ಕಾಲಮ್ (ದ್ರವ ಹಾಯಿಸುವ ಪುಟ್ಟ ಕೊಳವೆ) ಇರುತ್ತವೆ. ತಿಳಿ ನೇರಳೆ ಬಣ್ಣದ್ದು ಕ್ಯೂಐಎಶ್ರೆಡ್ಡರ್, ಇದರ ಕೆಲಸ ಸೋಸುವುದು ಮತ್ತು ಅಂಟನ್ನು ಒಡೆಯುವುದು. ಬಣ್ಣವಿಲ್ಲದ್ದರಲ್ಲಿ ಸಿಲಿಕಾ ಪೊರೆ ಇದೆ, ಡಿಎನ್‌ಎ ಹಿಡಿಯುವುದು ಅದು. ಜೊತೆಗೆ ಎಪಿ1, ಪಿ3, ಎಡಬ್ಲ್ಯು1, ಎಡಬ್ಲ್ಯು2, ಎಇ ಎಂಬ ಬಫರ್‌ಗಳು (ದ್ರಾವಣಗಳು) ಮತ್ತು ಆರ್‌ಎನ್‌ಎಯನ್ನು ಒಡೆಯುವ ಕಿಣ್ವವಾದ ಆರ್‌ಎನ್‌ಏಸ್ ಎ. ಎಥನಾಲ್ ಬರುವುದಿಲ್ಲ. 96ರಿಂದ 100 ಶೇಕಡಾದ್ದನ್ನು ನಾವೇ ತಂದು, ಎಡಬ್ಲ್ಯು1 ಮತ್ತು ಎಡಬ್ಲ್ಯು2 ಬಾಟಲಿಗಳ ಮೇಲೆ ಬರೆದಷ್ಟು ಸೇರಿಸಿ, ಸೇರಿಸಿದ್ದಕ್ಕೆ ಮುಚ್ಚಳದ ಮೇಲೆ ಗುರುತು ಹಾಕಬೇಕು. ಹಲವರು ಒಂದೇ ಕಿಟ್ ಬಳಸುವ ಕಾಲೇಜು ಲ್ಯಾಬಿನಲ್ಲಿ ಈ ಗುರುತು ಹಾಕದೆ ಹೋದರೆ ಒಂದೋ ಎಥನಾಲ್ ಎರಡು ಸಲ ಬೀಳುತ್ತದೆ, ಇಲ್ಲವೇ ಬೀಳುವುದೇ ಇಲ್ಲ. ಎಡಬ್ಲ್ಯು1ಕ್ಕೆ ಎಥನಾಲ್ ಬೀಳದಿದ್ದರೆ ಡಿಎನ್‌ಎ ಪೊರೆಗೆ ಸರಿಯಾಗಿ ಅಂಟದೆ ಕೆಳಗಿನ ಟ್ಯೂಬಿಗೆ ಇಳಿದುಹೋಗುತ್ತದೆ.

ಕೈಪಿಡಿ ಹೇಳುವ ಗರಿಷ್ಠ ಪ್ರಮಾಣ ಹಸಿ ಎಲೆ 100 ಮಿ.ಗ್ರಾಂ, ಒಣ ಎಲೆ 20 ಮಿ.ಗ್ರಾಂ. ಇದು ಮೇಲ್ಮಿತಿ, ಗುರಿಯಲ್ಲ. ಪಪ್ಪಾಯಿಯ ಎಳೆ ಎಲೆಯಾದರೆ 100 ಮಿ.ಗ್ರಾಂ ಹಾಕಿ. ಮಾವು, ಕಾಫಿ, ಗೋಡಂಬಿಯಂಥವಕ್ಕೆ 40–50 ಮಿ.ಗ್ರಾಂ ಸಾಕು. ಇಳುವರಿ ಕಡಿಮೆ ಬಂದಾಗ ಮುಂದಿನ ಸಲ ಎಲೆ ಜಾಸ್ತಿ ಹಾಕೋಣ ಎಂದು ಕೈ ಹೋಗುವುದು ಸಹಜ, ಆದರೆ ಬಹಳ ಸಲ ಎಲೆ ಕಡಿಮೆ ಮಾಡಿದರೇ ಡಿಎನ್‌ಎ ಹೆಚ್ಚು ಸಿಗುತ್ತದೆ. ಬಫರ್‌ಗೆ ಒಡೆಯಲು ಸಾಧ್ಯವಾಗುವಷ್ಟೇ ಜೀವಕೋಶ ಇದ್ದಾಗ ಪೊರೆ ಕಟ್ಟಿಕೊಳ್ಳುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಆಗುವುದು ಅರೆಯುವಲ್ಲಿ, ಅದು ಕಿಟ್ಟಿನ ಹೊರಗಿನ ಕೆಲಸ. ಎಲೆ ಕೋಶ ಒಡೆದ ಕ್ಷಣವೇ ಚೊಗರಿನ ವಸ್ತುಗಳಾದ ಪಾಲಿಫಿನಾಲ್‌ಗಳು ಗಾಳಿಗೆ ಸಿಕ್ಕಿ ಕಂದಾಗುತ್ತವೆ, ಕಂದಾದವು ಡಿಎನ್‌ಎಗೆ ಬಿಗಿಯಾಗಿ ಅಂಟುತ್ತವೆ. ಆಮೇಲೆ ಯಾವ ಕಾಲಮ್ಮೂ ಬಿಡಿಸಲಾರದು. ಖಲಬತ್ತನ್ನು ಮೊದಲೇ ದ್ರವ ಸಾರಜನಕ ಹೊಯ್ದು ತಣ್ಣಗೆ ಮಾಡಿ, ಎಲೆ ಹಾಕಿ, ಇನ್ನಷ್ಟು ಸಾರಜನಕ ಹೊಯ್ದು ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣ್ಣಗೆ ಅರೆಯಬೇಕು. ಪುಡಿ ತಿಳಿ ಹಸಿರಾಗಿ, ಚಮಚದಿಂದ ಜಾರುವಂತಿರಬೇಕು. ಅಂಚಿನಲ್ಲಿ ಗಾಢ ಹಸಿರಿನ ಒದ್ದೆ ಕಲೆ ಕಂಡರೆ ಅಲ್ಲಿ ಕರಗಲು ಶುರುವಾಗಿದೆ ಎಂದರ್ಥ. ಅಷ್ಟರೊಳಗೆ ಟ್ಯೂಬಿಗೆ ಹಾಕಿ 400 ಮೈಕ್ರೋಲೀಟರ್ ಎಪಿ1 ಬಿದ್ದಿರಬೇಕು. ಸಾರಜನಕ ಪೂರ್ತಿ ಆರುವ ಮೊದಲು ಮುಚ್ಚಳ ಒತ್ತಬೇಡಿ, ಟ್ಯೂಬು ಸಿಡಿಯುತ್ತದೆ.

ದ್ರವ ಸಾರಜನಕ ಸಿಗದ ಕಡೆ ಎಲೆಯನ್ನು ಸಣ್ಣಗೆ ಹರಿದು, ತೂಕದ ಹತ್ತು ಪಟ್ಟು ಸಿಲಿಕಾ ಜೆಲ್ ಜೊತೆ ಜಿಪ್ ಚೀಲದಲ್ಲಿ ಹಾಕಿ ಒಣಗಿಸಿ. ಮುರಿದರೆ ಪಟ್ಟೆಂದು ಮುರಿಯುವಂತಾದ ಮೇಲೆ ಉಕ್ಕಿನ ಗುಂಡು ಹಾಕಿ ಕುಲುಕಿಸಿ ಪುಡಿ ಮಾಡಬಹುದು. ಬಿಸಿಲಿನಲ್ಲೋ ಪೇಪರ್ ಮಡಿಕೆಯಲ್ಲೋ ನಿಧಾನವಾಗಿ ಒಣಗಿಸಿದರೆ ಎಲೆ ಸಾಯುವ ಹೊತ್ತಿಗೆ ಅದರದೇ ಕಿಣ್ವಗಳು ಡಿಎನ್‌ಎಯನ್ನು ಚೂರು ಮಾಡಿರುತ್ತವೆ.

ಎಪಿ1 ಜೊತೆ 4 ಮೈಕ್ರೋಲೀಟರ್ ಆರ್‌ಎನ್‌ಏಸ್ ಹಾಕಿ, 65 ಡಿಗ್ರಿಯಲ್ಲಿ 10 ನಿಮಿಷ ಇಟ್ಟು, ನಡುವೆ ಎರಡು ಮೂರು ಸಲ ತಲೆಕೆಳಗೆ ಮಾಡಿ. ಇವೆರಡನ್ನೂ ಮೊದಲೇ ಒಟ್ಟಿಗೆ ಬೆರೆಸಿಟ್ಟುಕೊಳ್ಳಬಾರದು. ಎಪಿ1 ಬಾಟಲಿಯಲ್ಲಿ ಬಿಳಿ ಹರಳು ಕಂಡರೆ ಗಾಬರಿ ಬೇಡ, ಅದು ತಣ್ಣಗಿನ ಜಾಗದಲ್ಲಿ ಗಟ್ಟಿಯಾದ ಡಿಟರ್ಜೆಂಟ್, 65 ಡಿಗ್ರಿಗೆ ಬೆಚ್ಚಗೆ ಮಾಡಿದರೆ ಕರಗುತ್ತದೆ. ಕರಗಿಸದೆ ಬಳಸಿದರೆ ಮಾತ್ರ ಕೋಶಗಳು ಸರಿಯಾಗಿ ಒಡೆಯುವುದಿಲ್ಲ.

ನಂತರ 130 ಮೈಕ್ರೋಲೀಟರ್ ಪಿ3 ಹಾಕಿ 5 ನಿಮಿಷ ಐಸ್ ಮೇಲೆ. ಪಿ3 ಅಂದರೆ ಪೊಟ್ಯಾಸಿಯಮ್ ಅಸಿಟೇಟ್. ಎಪಿ1ನಲ್ಲಿರುವ ಎಸ್‌ಡಿಎಸ್ ಡಿಟರ್ಜೆಂಟ್ ಪೊಟ್ಯಾಸಿಯಮ್ ಸಿಕ್ಕೊಡನೆ ಕರಗದ ಬಿಳಿ ಗಸಿಯಾಗಿ, ಪ್ರೋಟೀನನ್ನೂ ಹಲವು ಪಾಲಿಸ್ಯಾಕರೈಡ್‌ಗಳನ್ನೂ (ಲೋಳೆಯಲ್ಲಿರುವ ಸಕ್ಕರೆ ಸರಪಳಿಗಳು) ಎಳೆದುಕೊಂಡು ಕೆಳಗಿಳಿಯುತ್ತದೆ. ಸೆಂಟ್ರಿಫ್ಯೂಜಿನಲ್ಲಿ 20,000 ಜಿಯಲ್ಲಿ (ಭೂಮಿಯ ಸೆಳೆತದ 20,000 ಪಟ್ಟು) 5 ನಿಮಿಷ ತಿರುಗಿಸಿ, ಮೇಲಿನ ತಿಳಿಯನ್ನು ನೇರಳೆ ಕಾಲಮ್ಮಿಗೆ ಹಾಕಿ ಮತ್ತೆ 2 ನಿಮಿಷ ತಿರುಗಿಸಿ. ಕಾಲಮ್ಮಿನಿಂದ ಇಳಿದ ದ್ರವದ ತಳದಲ್ಲೂ ಸಣ್ಣ ಗಸಿ ಕೂತಿರುತ್ತದೆ. ಅದನ್ನು ಕದಡದೆ ತಿಳಿಯನ್ನಷ್ಟೇ ಹೊಸ ಟ್ಯೂಬಿಗೆ ತೆಗೆಯಿರಿ. ಕೊನೆಯ 20 ಮೈಕ್ರೋಲೀಟರ್ ಬಿಟ್ಟರೂ ನಷ್ಟವಿಲ್ಲ, ಎಳೆದುಕೊಂಡರೆ ನಷ್ಟ.

ಇಲ್ಲಿ ಪಿಪೆಟ್‌ನಿಂದ ಅಳೆಯಲೇಬೇಕು. ಸಾಮಾನ್ಯವಾಗಿ 450 ಮೈಕ್ರೋಲೀಟರ್ ಸಿಗುತ್ತದೆ, ಅದಕ್ಕೆ ಒಂದೂವರೆ ಪಟ್ಟು, ಅಂದರೆ 675 ಮೈಕ್ರೋಲೀಟರ್ ಎಡಬ್ಲ್ಯು1. ಕೆಲವು ಎಲೆಗಳಲ್ಲಿ 380 ಮಾತ್ರ ಸಿಗುತ್ತದೆ, ಆಗ 570. ಅಂದಾಜಿನಲ್ಲಿ 675 ಸುರಿಯುವುದು ಸರಿಯಲ್ಲ. ಎಡಬ್ಲ್ಯು1ನಲ್ಲಿ ಗ್ವಾನಿಡಿನ್ ಲವಣ ಇದೆ. ಲವಣ ಮತ್ತು ಎಥನಾಲ್ ಸೇರಿ ಡಿಎನ್‌ಎ ಸುತ್ತಲಿನ ನೀರನ್ನು ದೂರ ಮಾಡಿದಾಗಲೇ ಅದು ಸಿಲಿಕಾಗೆ ಅಂಟುವುದು, ಹಾಗಾಗಿ ಪ್ರಮಾಣ ತಪ್ಪಿದರೆ ಹಿಡಿತ ತಪ್ಪುತ್ತದೆ. ಹಾಕಿದ ಕೂಡಲೇ ಪಿಪೆಟ್‌ನಿಂದ ಮೇಲೆ ಕೆಳಗೆ ಎಳೆದು ಬೆರೆಸಿ, 650 ಮೈಕ್ರೋಲೀಟರ್ ಕಾಲಮ್ಮಿಗೆ ಹಾಕಿ 6,000 ಜಿಯಲ್ಲಿ 1 ನಿಮಿಷ, ಉಳಿದದ್ದನ್ನೂ ಹಾಗೆಯೇ. ಇಳಿದ ದ್ರವಕ್ಕೆ ಬ್ಲೀಚಿಂಗ್ ದ್ರಾವಣ ಸುರಿಯಲೇಬೇಡಿ. ಗ್ವಾನಿಡಿನ್ ಜೊತೆ ಸೇರಿದರೆ ವಿಷಾನಿಲ ಬರುತ್ತದೆ. ಬೆಂಚು ಒರೆಸುವ ಹೈಪೋಕ್ಲೋರೈಟ್ ಡಬ್ಬಿಗೇ ಎಲ್ಲ ದ್ರವ ಸುರಿಯುವ ರೂಢಿ ಇರುವ ಲ್ಯಾಬುಗಳಲ್ಲಿ ಇದನ್ನು ಬೋರ್ಡಿನ ಮೇಲೆ ಬರೆದು ಹಾಕುವುದು ಒಳ್ಳೆಯದು.

ಎಡಬ್ಲ್ಯು2ನಲ್ಲಿ 500ರಂತೆ ಎರಡು ಸಲ ತೊಳೆಯಬೇಕು. ಎರಡನೆಯದಕ್ಕೆ 20,000 ಜಿಯಲ್ಲಿ 2 ನಿಮಿಷ, ಇದು ಪೊರೆ ಒಣಗಲಿಕ್ಕೆ. ಕಾಲಮ್ ಹೊರತೆಗೆಯುವಾಗ ಅದರ ತುದಿ ಕೆಳಗಿನ ದ್ರವಕ್ಕೆ ತಾಗಿದರೆ ಎಥನಾಲ್ ಜೊತೆಗೇ ಬರುತ್ತದೆ. ಜೆಲ್ ಬಾವಿಗೆ ಹಾಕಿದ ಡಿಎನ್‌ಎ ತಳಕ್ಕೆ ಕೂರದೆ ಮೇಲೆ ತೇಲಿಹೋದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ. ಅನುಮಾನವಿದ್ದರೆ ಹೊಸ ಟ್ಯೂಬಿಗಿಟ್ಟು ಇನ್ನೊಂದು ನಿಮಿಷ ಖಾಲಿ ತಿರುಗಿಸಿ. ಪೊರೆ ಇನ್ನೂ ಹಸಿರಾಗೋ ಕಂದಾಗೋ ಕಂಡರೆ ಶುದ್ಧ ಎಥನಾಲ್‌ನಲ್ಲಿ ಒಮ್ಮೆ ಹೆಚ್ಚುವರಿಯಾಗಿ ತೊಳೆಯಬಹುದು.

ಕೊನೆಗೆ ಎಇ ಬಫರ್ 100 ಮೈಕ್ರೋಲೀಟರ್ ಪೊರೆಯ ನಟ್ಟನಡುವೆ ಬಿಟ್ಟು, 5 ನಿಮಿಷ ಕಾದು ತಿರುಗಿಸಿ, ಇನ್ನೊಮ್ಮೆ ಅಷ್ಟೇ. ಎರಡನ್ನೂ ಒಂದೇ ಟ್ಯೂಬಿಗೆ ಇಳಿಸಬೇಡಿ, ಮೊದಲನೆಯದು ಗಟ್ಟಿ, ಎರಡನೆಯದು ತೆಳು. ಪಿಸಿಆರ್‌ಗೆ ಬೇಕಾದ ಮೆಗ್ನೀಸಿಯಮ್ಮನ್ನು ಹಿಡಿದುಕೊಳ್ಳುವ ಇಡಿಟಿಎ ಎಇನಲ್ಲಿ 0.5 ಮಿಲಿಮೋಲಾರ್ ಮಾತ್ರ. 25 ಮೈಕ್ರೋಲೀಟರ್ ಪಿಸಿಆರ್‌ಗೆ ಇದರಲ್ಲಿ 5 ಹಾಕಿದರೂ 0.1 ಆಗುತ್ತದೆ, 1.5 ಮಿಲಿಮೋಲಾರ್ ಮೆಗ್ನೀಸಿಯಮ್ಮಿಗೆ ಏನೂ ತೊಂದರೆ ಇಲ್ಲ.

ಕಂಪನಿ ಹೇಳುವ ಇಳುವರಿ 3ರಿಂದ 30 ಮೈಕ್ರೋಗ್ರಾಂ. ಈ ಹತ್ತು ಪಟ್ಟು ಅಂತರಕ್ಕೆ ಕಿಟ್ಟಿಗಿಂತ ಗಿಡವೇ ಹೆಚ್ಚು ಕಾರಣ. ಪಪ್ಪಾಯಿಯ ಜೀನೋಮ್ (ಒಂದು ಪೂರ್ತಿ ಡಿಎನ್‌ಎ ಜೋಡಣೆ) ಸುಮಾರು 37 ಕೋಟಿ ಬೇಸ್ ಜೋಡಿ (ಡಿಎನ್‌ಎಯ ಅಕ್ಷರಗಳು), ಗೋಧಿಯದ್ದು ಸುಮಾರು 1,700 ಕೋಟಿ. ಕೋಶಗಳ ಸಂಖ್ಯೆ ಒಂದೇ ಇದ್ದರೂ ಗೋಧಿ ಎಲೆ ತೂಕದಲ್ಲಿ ಹೆಚ್ಚು ಡಿಎನ್‌ಎ ಕೊಡುತ್ತದೆ. ಆದರೆ 10 ನ್ಯಾನೋಗ್ರಾಂ ಪಪ್ಪಾಯಿ ಡಿಎನ್‌ಎಯಲ್ಲಿ ಜೀನೋಮಿನ ಸುಮಾರು 26,000 ಪ್ರತಿ ಇರುತ್ತವೆ, ಅಷ್ಟೇ ತೂಕದ ಗೋಧಿ ಡಿಎನ್‌ಎಯಲ್ಲಿ 600 ಕೂಡ ಇರುವುದಿಲ್ಲ. ಪಪ್ಪಾಯಿಯಲ್ಲಿ ಪ್ರತಿ ಮೈಕ್ರೋಲೀಟರಿಗೆ 15 ನ್ಯಾನೋಗ್ರಾಂ ಬಂದರೆ ಬೇಸರಿಸಬೇಕಿಲ್ಲ, ಪಿಸಿಆರ್‌ಗೆ ಅದು ಧಾರಾಳ.

ಗುಣಮಟ್ಟ ನೋಡಲು, ಬೇರೆ ಬೇರೆ ತರಂಗಾಂತರದ (ನ್ಯಾನೋಮೀಟರ್) ಬೆಳಕನ್ನು ಡಿಎನ್‌ಎ ಎಷ್ಟು ಹೀರುತ್ತದೆ ಎಂದು ಅಳೆಯುವ ನ್ಯಾನೋಡ್ರಾಪ್ ಒಂದನ್ನೇ ನೆಚ್ಚಬಾರದು. 260/280 ಅನುಪಾತ 1.8ರ ಹತ್ತಿರ ಇದ್ದು 260/230 ಮಾತ್ರ 1ರ ಕೆಳಗೆ ಬಿದ್ದರೆ ಉಳಿದಿರುವುದು ಗ್ವಾನಿಡಿನ್ ಇರಬಹುದು, ಪಾಲಿಸ್ಯಾಕರೈಡ್ ಇರಬಹುದು. ಮೊದಲನೆಯದು ಸ್ವಲ್ಪ ಇದ್ದರೆ ಪಿಸಿಆರ್‌ಗೆ ಅಷ್ಟೇನೂ ಅಡ್ಡಿಯಿಲ್ಲ, ಎರಡನೆಯದು ಅಡ್ಡಿ. ಬೇರೆ ಮಾಡಿ ತೋರಿಸುವ ಸುಲಭ ಪರೀಕ್ಷೆ ಇದೆ: ಅದೇ ಡಿಎನ್‌ಎಯನ್ನು ಹತ್ತು ಪಟ್ಟು ತೆಳು ಮಾಡಿ ಮತ್ತೊಂದು ಟ್ಯೂಬ್ ಓಡಿಸಿ. ಗಟ್ಟಿಯದ್ದರಲ್ಲಿ ಬಾರದ ಬ್ಯಾಂಡ್ ತೆಳುವಿನದ್ದರಲ್ಲಿ ಬಂದರೆ ಅಡ್ಡಿ ಮಾಡುವ ವಸ್ತು ಉಳಿದಿದೆ ಎಂದೇ ಅರ್ಥ.

ಸೆಕೆಂಡರಿ ಪರೀಕ್ಷೆಯಾಗಿ ಆರ್‌ಬಿಸಿಎಲ್ ವಂಶವಾಹಿ ವರ್ಧಿಸಿ "ಡಿಎನ್‌ಎ ಚೆನ್ನಾಗಿದೆ" ಎಂದು ಬರೆದುಕೊಳ್ಳುವ ರೂಢಿ ಹಲವು ಕಡೆ ಇದೆ. ಇದನ್ನು ಬಿಡಬೇಕು. ಆರ್‌ಬಿಸಿಎಲ್ ಇರುವುದು ಹರಿತ್ತಿನ ಕಣದ ಜೀನೋಮಿನಲ್ಲಿ. ಒಂದು ಎಲೆ ಕೋಶದಲ್ಲಿ ಆ ಜೀನೋಮಿನ ಪ್ರತಿಗಳು ನೂರಾರು, ಸಾವಿರಾರು. ಕೋಶಕೇಂದ್ರದ ವಂಶವಾಹಿಗೆ ಇರುವುದು ಕೈಬೆರಳೆಣಿಕೆಯ ಪ್ರತಿಗಳು. ಕಳಪೆ ಡಿಎನ್‌ಎಯಲ್ಲೂ ಆರ್‌ಬಿಸಿಎಲ್ ಬಂದುಬಿಡುತ್ತದೆ, ಬೇಕಾದ ಮಾರ್ಕರ್ (ಗುರುತು ಹಿಡಿಯಲು ಬಳಸುವ ಡಿಎನ್‌ಎ ಭಾಗ) ಬರುವುದಿಲ್ಲ. ಪಪ್ಪಾಯಿಯ ಲಿಂಗ ಪತ್ತೆಗೆ, ಮೂರೂ ಬಗೆಯ ಗಿಡಗಳಲ್ಲಿ ಬರಲೇಬೇಕಾದ ಕೋಶಕೇಂದ್ರದ ಒಂದು ತುಣುಕನ್ನು ಅದೇ ಟ್ಯೂಬಿನಲ್ಲಿ ಜೊತೆಗೆ ವರ್ಧಿಸಿ. ಆ ತುಣುಕು ಬಂದು ಲಿಂಗದ ಬ್ಯಾಂಡ್ ಬಾರದಿದ್ದರೆ ಹೆಣ್ಣೆಂದು ಬರೆಯಿರಿ. ಎರಡೂ ಬಾರದಿದ್ದರೆ ಫಲಿತಾಂಶವೇ ಇಲ್ಲ.

ಕಾಫಿಯಲ್ಲಿ ಈ ಮಾತು ಇನ್ನೂ ಮುಖ್ಯ. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯ ಹೆಸರಾಂತ ಅರೇಬಿಕಾ ತಳಿ ಎಸ್.795ರಲ್ಲಿ ಲೈಬೀರಿಕಾ ಎಂಬ ಇನ್ನೊಂದು ಕಾಫಿ ಜಾತಿಯ ಮೂಲದ ಎಸ್‌ಎಚ್3 ಎಂಬ, ಎಲೆ ತುಕ್ಕು ತಡೆಯುವ ವಂಶವಾಹಿ ಇದೆ. ಸಸಿಯಲ್ಲಿ ಅದು ಇದೆಯೇ ಇಲ್ಲವೇ ಎಂಬುದನ್ನು ಅದಕ್ಕೆ ಅಂಟಿಕೊಂಡ ಮಾರ್ಕರ್‌ಗಳಿಂದ ಹೇಳಬಹುದು. ಕಾಫಿ ಎಲೆಯಲ್ಲಿ ಕ್ಲೋರೋಜೆನಿಕ್ ಆಮ್ಲ ಹೇರಳ, ಬಲಿತ ಎಲೆ ಅರೆದರೆ ಕಣ್ಣೆದುರೇ ಕಂದಾಗುತ್ತದೆ. ತುದಿಯ ಎಳೆ ಜೋಡಿಯನ್ನೇ ಆರಿಸಿ, 50 ಮಿ.ಗ್ರಾಂ ಮೀರದೆ, ಅರೆಯುವಾಗಲೇ ಒಂದು ಚಿಟಿಕೆ ಪಿವಿಪಿ ಪುಡಿ (ಚೊಗರನ್ನು ಹೀರಿಕೊಳ್ಳುವ ಪಾಲಿಮರ್) ಸೇರಿಸಿದರೆ ಈ ಕಿಟ್ಟಿನಲ್ಲಿ ಕೆಲಸ ಆಗುತ್ತದೆ. ಪಿಸಿಆರ್‌ಗೆ ಬಿಎಸ್‌ಎ ಎಂಬ ಪ್ರೋಟೀನ್ ಸೇರಿಸುವುದೂ ಉಳಿದ ಚೊಗರನ್ನು ಹಿಡಿದುಕೊಳ್ಳಲು ನೆರವಾಗುತ್ತದೆ. ಚೊಗರು ಎಲೆಗಳೇ ಮುಖ್ಯ ಕೆಲಸವಾಗಿದ್ದರೆ ಅದೇ ಕಂಪನಿಯ ಪ್ಲಾಂಟ್ ಪ್ರೊ ನೋಡಿ. ಅದರಲ್ಲಿ ಅರೆಯುವ ಗುಂಡಿನ ಟ್ಯೂಬುಗಳೂ ಫಿನಾಲ್ ತೆಗೆಯುವ ದ್ರಾವಣವೂ ಜೊತೆಗೇ ಬರುತ್ತವೆ.

ದಾಸವಾಳ, ಬೆಂಡೆ, ಬಸಳೆಗೆ ಮಾತ್ರ ಪ್ಲಾಂಟ್ ಮಿನಿ ಬೇಡ. ಎಪಿ1 ಹಾಕಿದ ಮೇಲೆ ದ್ರವ ಪಿಪೆಟ್ ತುದಿಯಿಂದ ದಾರದಂತೆ ಎಳೆಯುತ್ತದೆ, ನೇರಳೆ ಕಾಲಮ್ ಕಟ್ಟಿಕೊಳ್ಳುತ್ತದೆ, ಅದರಿಂದ ಇಳಿದಷ್ಟೂ ಮುಂದಿನ ಪೊರೆಯನ್ನು ಮುಚ್ಚುತ್ತದೆ. ಇಂಥವಕ್ಕೆ ಕಿಟ್ಟಿಲ್ಲದೆ, ಸಿಟಿಎಬಿ ಎಂಬ ಡಿಟರ್ಜೆಂಟ್ ಬಳಸುವ ವಿಧಾನವೇ ಸರಿ: 2 ಶೇಕಡಾ ಸಿಟಿಎಬಿ, 1.4 ಮೋಲಾರ್ ಉಪ್ಪು, 20 ಮಿಲಿಮೋಲಾರ್ ಇಡಿಟಿಎ, 100 ಮಿಲಿಮೋಲಾರ್ ಟ್ರಿಸ್, ಜೊತೆಗೆ ಮರ್ಕ್ಯಾಪ್ಟೊಇಥನಾಲ್ ಮತ್ತು ಪಿವಿಪಿ. 60–65 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು, 24:1 ಕ್ಲೋರೋಫಾರ್ಮ್–ಐಸೊಅಮೈಲ್ ಆಲ್ಕೋಹಾಲ್‌ನಲ್ಲಿ ಎರಡು ಸಲ ಬೇರ್ಪಡಿಸಿದರೆ ಬಹುಪಾಲು ಲೋಳೆ ಹಿಂದುಳಿಯುತ್ತದೆ. ಉಪ್ಪನ್ನು 0.7 ಮೋಲಾರ್‌ಗಿಂತ ಕೆಳಗೆ ಇಳಿಸಬಾರದು, ಇಳಿಸಿದರೆ ಸಿಟಿಎಬಿ ಡಿಎನ್‌ಎಯನ್ನೇ ಹಿಡಿದುಕೊಂಡು ಗಸಿಯಾಗುತ್ತದೆ. ಫ್ಯೂಮ್ ಹುಡ್ ಬೇಕು, ಹೆಚ್ಚು ಕಡಿಮೆ ಅರ್ಧ ದಿನ ಬೇಕು.

ಉದ್ದ ಓದಿನ ಸೀಕ್ವೆನ್ಸಿಂಗ್‌ಗೂ (ಉದ್ದ ಡಿಎನ್‌ಎ ತುಣುಕುಗಳ ಅಕ್ಷರಗಳನ್ನು ಒಂದೇ ಸಲ ಓದುವುದು) ಈ ಕಿಟ್ ಸಾಲದು. ಕಾಲಮ್ಮಿನಲ್ಲಿ ಸಿಗುವ ತುಣುಕುಗಳು ಹೆಚ್ಚಾಗಿ 20–25 ಸಾವಿರ ಬೇಸ್ ಉದ್ದದವು, ಗರಿಷ್ಠ 40 ಸಾವಿರ. ಮಾರ್ಕರ್, ಬಾರ್‌ಕೋಡಿಂಗ್ (ಡಿಎನ್‌ಎ ತುಣುಕಿನಿಂದ ಜಾತಿ ಗುರುತಿಸುವುದು), ಚಿಕ್ಕ ಓದಿನ ಸೀಕ್ವೆನ್ಸಿಂಗ್ ಇವಕ್ಕೆಲ್ಲ ಅದು ಬೇಕಾದ್ದಕ್ಕಿಂತ ಹೆಚ್ಚು.

ದರದ ವಿಷಯ: ಒಂದು ಸ್ಯಾಂಪಲ್ಲಿಗೆ ನೂರಾರು ರೂಪಾಯಿ ಬೀಳುತ್ತದೆ, ಸಿಟಿಎಬಿಯಲ್ಲಿ ಅದರ ಸಣ್ಣ ಪಾಲು. ಎಂಎಸ್ಸಿ ಪ್ರಾಜೆಕ್ಟಿನ ಇಪ್ಪತ್ತು ಮೂವತ್ತು ಸ್ಯಾಂಪಲ್ಲಿಗೆ, ಫ್ಯೂಮ್ ಹುಡ್ ಇಲ್ಲದ ಲ್ಯಾಬಿಗೆ, ಹೊಸಬರು ಕೈ ಹಚ್ಚುವ ಕಡೆಗೆ 50ರ ಪೆಟ್ಟಿಗೆ ಕೊಳ್ಳಬಹುದು. ತಳಿ ಅಭಿವೃದ್ಧಿಯ ಐನೂರು ಸಸಿಗಳಿಗಾದರೆ ಸಿಟಿಎಬಿ ಮಾಡಿ, ಬ್ಯಾಂಡ್ ಬಾರದ ಅನುಮಾನದ ಸಸಿಗಳನ್ನಷ್ಟೇ ಇದೇ ಕಿಟ್ಟಿನಲ್ಲಿ ಮತ್ತೊಮ್ಮೆ ತೆಗೆದು ನೋಡುವುದು ಹಣಕ್ಕೂ ಫಲಿತಾಂಶಕ್ಕೂ ಒಳಿತು. ಕಾಲಮ್ಮುಗಳನ್ನು ತೊಳೆದು ಮರುಬಳಸಬೇಡಿ. ಹಿಂದಿನ ಸಸಿಯ ಡಿಎನ್‌ಎ ಪೊರೆಯಲ್ಲಿ ಉಳಿದಿರುತ್ತದೆ, ಮತ್ತು ಗಂಡು ಗಿಡದ ಒಂದಿಷ್ಟು ಡಿಎನ್‌ಎ ಸಾಕು, ಹೆಣ್ಣು ಸಸಿಯ ಲೇನಿನಲ್ಲೂ ಬ್ಯಾಂಡ್ ಬರಲು.