ಯೆಜ್ಡಿ ರೋಡ್‌ಕಿಂಗ್, 1986 ಮಾಡೆಲ್: ಕೆಸರಿನ ರೇಸ್ ಗಾಡಿಯನ್ನು ಒರಿಜಿನಲ್‌ಗೆ ತಂದು 6 ವರ್ಷ ಓಡಿಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಈ ಬೈಕು ಶೋರೂಮಿನಲ್ಲಿ ಸಿಗೋದಿಲ್ಲ. ಇದನ್ನು ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು. ಹಾಗಾಗಿ ನಾನು ಬರೆಯುತ್ತಿರೋದು ಗಾಡಿಯ ಬಗ್ಗೆ ಎಷ್ಟೋ ಅಷ್ಟೇ ಅದರ ಬಿಡಿಭಾಗಗಳ ಬಗ್ಗೆ, ಗ್ಯಾರೇಜುಗಳ ಬಗ್ಗೆ, ಮತ್ತೆ ನನ್ನ ತಲೆಹರಟೆ ಬಗ್ಗೆ ಕೂಡ.

ಗಾಡಿ ನಮ್ಮ ಚಿಕ್ಕಪ್ಪನದು. ಮೂಡಿಗೆರೆ ಹತ್ತಿರ ಸಣ್ಣ ಕಾಫಿ ತೋಟ. ಮೊದಲ ಎರಡು ವರ್ಷ ಈ ರೋಡ್‌ಕಿಂಗ್ ಮೇಲೆ ಹಾಲಿನ ಕ್ಯಾನು, ಗೊಬ್ಬರದ ಮೂಟೆ, ಚಿಕ್ಕಮ್ಮ, ನಾನು ಎಲ್ಲರೂ ಓಡಾಡಿದ್ದೇವೆ. ಆಮೇಲೆ ಚಿಕ್ಕಪ್ಪನಿಗೆ ಮೋಟೋಕ್ರಾಸ್, ಅಂದರೆ ಕೆಸರು-ದಿಬ್ಬದಲ್ಲಿ ಬೈಕ್ ರೇಸ್ ಮಾಡೋ ಹುಚ್ಚು ಹಿಡಿಯಿತು. ಆಗೆಲ್ಲ ಈಗಿನ ಹಾಗೆ ಡರ್ಟ್ ಬೈಕ್ ಅಂತ ಬೇರೆ ತರಿಸಿಕೊಳ್ಳೋ ತಾಕತ್ತು ಯಾರಿಗಿತ್ತು? ಮನೆಯಲ್ಲಿರೋ ಗಾಡಿಯನ್ನೇ ಕತ್ತರಿಸೋದು. ಎರಡೂ ಸೈಲೆನ್ಸರ್ ಹೋಯಿತು. ಚೈನ್ ಕವರ್ ಹೋಯಿತು. ಮುಂದಿನ ಮಡ್‌ಗಾರ್ಡ್ ಒಂದು ಅಡಿ ಮೇಲಕ್ಕೆ ಹೋಯಿತು. ಅಗಲದ ಹ್ಯಾಂಡಲ್, ಗುಂಡಿ ಟೈರು, ಹೆಡ್‌ಲೈಟ್ ಜಾಗದಲ್ಲಿ ನಂಬರ್ ಬೋರ್ಡು. ಮೇಲೊಂದು ಹಳದಿ ಬಣ್ಣ, ಬ್ರಶ್‌ನಲ್ಲೇ ಬಳಿದದ್ದು.

ನನ್ನ ಕೈಗೆ ಬಂದಾಗ ಅದು ಕೊಟ್ಟಿಗೆಯಲ್ಲಿ ಹುಲ್ಲಿನ ಕಟ್ಟಿನ ಹಿಂದೆ ಇತ್ತು. ಸೀಟಿನ ಸ್ಪಂಜು ಕಿತ್ತು ಕೋಳಿಯೊಂದು ಮೊಟ್ಟೆ ಇಡೋಕೆ ಜಾಗ ಮಾಡಿಕೊಂಡಿತ್ತು. ಕಿಕ್ಕರ್ ಅಲ್ಲಾಡಲಿಲ್ಲ. ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿತ್ತು. 'ತಗೊಂಡು ಹೋಗು ಮಾರಾಯ, ಗುಜರಿಯವನು ಎರಡು ಸಲ ಬಂದು ಹೋಗಿದ್ದಾನೆ' ಅಂದರು ಚಿಕ್ಕಪ್ಪ. ಪಿಕಪ್‌ನಲ್ಲಿ ಹಾಕಿಕೊಂಡು ಮೈಸೂರಿಗೆ ತಂದೆ. ಹುಟ್ಟಿದ ಊರಿಗೇ ವಾಪಸ್ ಬಂತು ಅಂತ ನನಗೊಂದು ಖುಷಿ. ಮನೆಯವರಿಗೆ ಅಷ್ಟೇನೂ ಇರಲಿಲ್ಲ.

ಒರಿಜಿನಲ್‌ಗೆ ತರೋದು ಅಂದರೆ ಏನು ಅಂತ ನನಗೆ ಆಗ ಸರಿಯಾಗಿ ಗೊತ್ತಿರಲಿಲ್ಲ. ಹೊಸ ಪಾರ್ಟ್ ಹಾಕಿ ಪಳಪಳ ಅನ್ನಿಸೋದು ಅಂದುಕೊಂಡಿದ್ದೆ. ಅದು ನಾನು ಮಾಡಿದ ದೊಡ್ಡ ತಪ್ಪು, ಅದಕ್ಕೆ ದುಡ್ಡೂ ಜಾಸ್ತಿ ಹೋಯಿತು.

ಬಣ್ಣದಿಂದ ಶುರು ಮಾಡಿದೆ. ಮೂಲ ಬಣ್ಣ ಏನು ಅಂತ ಚಿಕ್ಕಪ್ಪನನ್ನು ಕೇಳಿದರೆ ಮರೂನ್ ಅಂದರು, ಚಿಕ್ಕಮ್ಮ ಕಪ್ಪು ಅಂದರು. ಟ್ಯಾಂಕ್ ಬಿಚ್ಚಿ ತಲೆಕೆಳಗೆ ಮಾಡಿ, ಫ್ರೇಮಿನ ಮೇಲೆ ಕೂರೋ ಆ ಗುಳಿಯ ಒಳಗೆ ಥಿನ್ನರ್ ಹಚ್ಚಿ ಬ್ಲೇಡಿನಲ್ಲಿ ನಿಧಾನಕ್ಕೆ ಕೆರೆದೆ. ಮೊದಲು ಹಳದಿ ಸಿಪ್ಪೆ ಸಿಪ್ಪೆಯಾಗಿ ಬಂತು. ಕೆಳಗೆ ನೀಲಿ, ಇದು ಯಾವಾಗ ಬಳಿದರು ಅಂತ ಯಾರಿಗೂ ನೆನಪಿಲ್ಲ. ಅದರ ಕೆಳಗೆ ರೆಡ್ ಆಕ್ಸೈಡ್, ಅದೂ ಯಾರೋ ಆಮೇಲೆ ಹೊಡೆದದ್ದು. ಕೊನೆಗೆ, ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ, ಕಪ್ಪು. ಇಷ್ಟು ವರ್ಷ ಆದರೂ ಬಟ್ಟೆಯಲ್ಲಿ ಉಜ್ಜಿದರೆ ಬೆರಳು ಕಾಣುವಷ್ಟು ಹೊಳಪು. ಚಿಕ್ಕಮ್ಮ ಗೆದ್ದರು. ಆ ನಾಣ್ಯದಷ್ಟು ಜಾಗವನ್ನು ಹಾಗೇ ಬಿಟ್ಟು ಉಳಿದದ್ದಕ್ಕೆ ಬಣ್ಣ ಹೊಡೆಸಿದ್ದೇನೆ. ಟ್ಯಾಂಕ್ ಬಿಚ್ಚಿದರೆ ಮಾತ್ರ ಕಾಣುತ್ತದೆ.

ಫ್ರೇಮಿನಲ್ಲಿ ಹ್ಯಾಂಡಲ್ ಕುತ್ತಿಗೆಯ ಹಿಂದೆ ಎರಡು ದಪ್ಪ ಪಟ್ಟಿ ವೆಲ್ಡ್ ಮಾಡಿದ್ದರು, ಹಾರಿ ಬಿದ್ದಾಗ ಮುರಿಯಬಾರದು ಅಂತ. ಕತ್ತರಿಸಿ ತೆಗೆಯಿರಿ ಅಂದೆ. ನಮ್ಮ ಮೆಕ್ಯಾನಿಕ್ ಸುತರಾಂ ಒಪ್ಪಲಿಲ್ಲ. ಅಲ್ಲಿ ಮತ್ತೆ ಬೆಂಕಿ ಕೊಟ್ಟರೆ ಕುತ್ತಿಗೆ ಸೊಟ್ಟಗಾಗುತ್ತೆ, ಆಮೇಲೆ ಗಾಡಿ ಜೀವನಪೂರ್ತಿ ಒಂದು ಕಡೆ ಎಳೆಯುತ್ತೆ ಅಂದರು. ಅವರ ಮಾತು ಕೇಳಿದೆ. ಜುಲೈ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನಕ್ಕೆ ಬೆಂಗಳೂರಿಗೆ ಹೋದಾಗಲೆಲ್ಲ ಯಾರಾದರೊಬ್ಬರು ಬಗ್ಗಿ ನೋಡಿ 'ಇದೇನ್ ಗುರು?' ಅಂತ ಕೇಳೇ ಕೇಳುತ್ತಾರೆ.

ಈಗ ಪಾರ್ಟ್‌ಗಳ ವಿಷಯ. ಇದನ್ನು ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕಂದರೆ ಇಲ್ಲೇ ಎಲ್ಲರೂ ಬೀಳೋದು.

ಯೆಜ್ಡಿಗೆ ಪಾರ್ಟ್ ಸಿಗಲ್ಲ ಅನ್ನೋದು ಸುಳ್ಳು. ಸಿಗುತ್ತೆ, ರಾಶಿ ರಾಶಿ ಸಿಗುತ್ತೆ. ಸಮಸ್ಯೆ ಇರೋದು ಅದರಲ್ಲಿ ಮುಕ್ಕಾಲು ಪಾಲು ಡೂಪ್ಲಿಕೇಟ್ ಅನ್ನೋದರಲ್ಲಿ. ಡಬ್ಬಿ ಹಳೇದು, ಸ್ಟಿಕ್ಕರ್ ಹಳೇದು, ಒಳಗಿನ ಮಾಲು ಮೊನ್ನೆಯದು. ನಾನು ಉತ್ಸಾಹದಲ್ಲಿ ಪಿಸ್ಟನ್, ಕಾರ್ಬ್ಯುರೇಟರ್, ಎರಡು ಸೈಲೆನ್ಸರ್, ವೈರಿಂಗ್ ಎಲ್ಲ ಹೊಸದೇ ತಂದೆ. ಸಿಲಿಂಡರ್ ಬೋರ್ ಮಾಡಿಸಿ, ಕ್ರ್ಯಾಂಕ್ ಬಿಚ್ಚಿಸಿ ಕನೆಕ್ಟಿಂಗ್ ರಾಡ್ ಕಿಟ್ ಹಾಕಿಸಿ ಎಂಜಿನ್ ಕಟ್ಟಿದೆವು. ಸ್ಟಾರ್ಟ್ ಆಯಿತು. ಓಣಿಯವರೆಲ್ಲ ಬಂದು ನೋಡಿದರು. ಆದರೆ ಐಡ್ಲಿಂಗ್ ಸರಿ ಇರಲಿಲ್ಲ, ನಿಂತಲ್ಲಿ ಎಂಜಿನ್ ಒಂದೇ ಸಮ ಓಡುತ್ತಿರಲಿಲ್ಲ, ಸಿಗ್ನಲ್‌ನಲ್ಲಿ ಆಫ್ ಆಗೋದು, ಎಳೆತ ಇಲ್ಲ, ಮೂರನೇ ಗೇರಿನಲ್ಲಿ ಸಣ್ಣ ಏರಿಗೂ ಮುಕ್ಕರಿಯೋದು. ಯೆಜ್ಡಿಯದೇ ಕ್ಲಾಸಿಕ್ ಮಾಡೆಲ್‌ಗಿಂತ ಜಾಸ್ತಿ ಶಕ್ತಿ, 248.5 ಸಿಸಿಗೆ 16 ಬಿಎಚ್‌ಪಿ ಅಂತ ಹೆಸರು ಮಾಡಿದ ಗಾಡಿ ಇದೇನಾ ಅನ್ನಿಸಿಬಿಟ್ಟಿತು.

ಎರಡೇ ತಿಂಗಳು. ಉಜಿರೆ ಕಡೆಯಿಂದ ಚಾರ್ಮಾಡಿ ಹತ್ತುತ್ತಿದ್ದೆ, ಮಧ್ಯಾಹ್ನ, ಬಿಸಿಲು. ಎಂಜಿನ್ ಸದ್ದಿನ ಒಳಗೆ ಇನ್ನೊಂದು ಸದ್ದು ಕೇಳಿಸೋಕೆ ಶುರುವಾಯಿತು, ಸ್ಟೀಲ್ ಲೋಟದಲ್ಲಿ ಚಮಚ ಆಡಿಸಿದ ಹಾಗೆ. ಏನು ಅಂತ ಯೋಚಿಸುವಷ್ಟರಲ್ಲಿ ಹಿಂದಿನ ಚಕ್ರ ಲಾಕ್. ಟೈರು ಕಿರ್ರ್ ಅಂತ ಎಳೆದುಕೊಂಡು ಹೋಯಿತು. ಕೈ ತಾನಾಗೇ ಕ್ಲಚ್ ಹಿಡಿಯಿತು, ಅದಕ್ಕೆ ಬದುಕಿದೆ, ಹಿಂದೆ ಬಸ್ಸಿತ್ತು. ಇಂಥ ಟೂ ಸ್ಟ್ರೋಕ್ (ಪೆಟ್ರೋಲಿನಲ್ಲೇ ಆಯಿಲ್ ಬೆರೆಸಿ ಓಡಿಸೋ) ಗಾಡಿ ಓಡಿಸುವವರು ಎಡಗೈ ಬೆರಳನ್ನು ಕ್ಲಚ್ ಮೇಲೇ ಇಟ್ಟಿರಬೇಕು ಅಂತ ಚಿಕ್ಕಪ್ಪ ಹೇಳಿದ್ದು ಸುಮ್ನೆ ಅಲ್ಲ.

ಬಿಚ್ಚಿ ನೋಡಿದರೆ ಎರಡು ಕಾರಣ. ಆ ಡೂಪ್ಲಿಕೇಟ್ ಪಿಸ್ಟನ್ ಬಿಸಿಯಾದಾಗ ಬೇಕಾದದ್ದಕ್ಕಿಂತ ಜಾಸ್ತಿ ಉಬ್ಬಿತ್ತು, ಪಕ್ಕದಲ್ಲಿ ಅಲ್ಯೂಮಿನಿಯಂ ಕರಗಿ ಗೆರೆ ಗೆರೆಯಾಗಿ ಸಿಲಿಂಡರಿಗೆ ಅಂಟಿತ್ತು. ಜೊತೆಗೆ ಬಲಗಡೆ ಕ್ರ್ಯಾಂಕ್ ಸೀಲ್, ಅಂದರೆ ಎಂಜಿನ್ ಒಳಗೆ ಹೊರಗಿನ ಗಾಳಿ ನುಗ್ಗದ ಹಾಗೆ ತಡೆಯೋ ಬಳೆ, ಸರಿಯಾಗಿ ಕೂತಿರಲಿಲ್ಲ. ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲ್-ಗಾಳಿ ಮಿಶ್ರಣ ಕ್ರ್ಯಾಂಕ್ ಕೇಸ್ ಮೂಲಕವೇ ಮೇಲೆ ಹೋಗೋದು ಅಲ್ವಾ? ಸೀಲ್‌ನಲ್ಲಿ ಗಾಳಿ ಎಳೆದುಕೊಂಡರೆ ಮಿಶ್ರಣ ತೆಳ್ಳಗಾಗುತ್ತೆ. ಪೆಟ್ರೋಲ್ ಕಮ್ಮಿ ಅಂದರೆ ಅದರಲ್ಲಿ ಬೆರೆಸಿದ ಆಯಿಲ್ ಕೂಡ ಕಮ್ಮಿ. ಬಿಸಿ ಜಾಸ್ತಿ. ಮುಗೀತು. ಎಡಗಡೆ ಸೀಲ್ ಹೋದರೆ ಲಕ್ಷಣ ಬೇರೆ. ಗೇರ್ ಆಯಿಲನ್ನೇ ಕುಡಿದು ಬೀದಿ ತುಂಬ ಬಿಳಿ ಹೊಗೆ ಬಿಡುತ್ತೆ, ಅದು ಕಣ್ಣಿಗೆ ಕಾಣುತ್ತೆ. ಬಲಗಡೆಯದು ಹೇಳದೆ ಕೇಳದೆ ಕೊಲ್ಲುತ್ತೆ.

ಅಲ್ಲಿಂದ ನನ್ನ ಬುದ್ಧಿ ಸ್ವಲ್ಪ ನೆಟ್ಟಗಾಯಿತು. ಗಾಡಿಯಿಂದ ಬಿಚ್ಚಿ ಗೋಣಿಚೀಲದಲ್ಲಿ ಹಾಕಿಟ್ಟಿದ್ದ ಹಳೇ ಕಾರ್ಬ್ಯುರೇಟರ್ ತೆಗೆದೆ. ಒಂದು ರಾತ್ರಿ ನೆನೆಸಿ, ಜೆಟ್‌ಗಳನ್ನು ಕ್ಲೀನ್ ಮಾಡಿ, ಸವೆದಿದ್ದ ಸ್ಲೈಡ್ ಮಾತ್ರ ಬದಲಾಯಿಸಿ ಹಾಕಿದರೆ ಎರಡನೇ ಕಿಕ್ಕಿಗೆ ಸ್ಟಾರ್ಟ್, ಐಡ್ಲಿಂಗ್ ಗಡಿಯಾರದ ಹಾಗೆ. ನಾಲ್ಕು ಸಾವಿರ ಕೊಟ್ಟು ತಂದ ಹೊಸದು ಈಗ ಪೇಪರ್‌ವೇಟ್. ಸೈಲೆನ್ಸರ್‌ದೂ ಅದೇ ಕಥೆ. ಟೂ ಸ್ಟ್ರೋಕ್‌ನಲ್ಲಿ ಸೈಲೆನ್ಸರ್ ಬರೀ ಸದ್ದು ಕಮ್ಮಿ ಮಾಡೋ ಕೊಳವೆ ಅಲ್ಲ, ಹೊಗೆ ಹಿಂದಕ್ಕೆ ಒತ್ತೋ ಲೆಕ್ಕಾಚಾರದ ಮೇಲೆ ಎಂಜಿನ್ನಿನ ಎಳೆತ ನಿಂತಿದೆ. ಹೊಸ ಜೋಡಿ ಹೊರಗೆ ಕನ್ನಡಿ, ಒಳಗೆ ಖಾಲಿ ಡಬ್ಬ. ಆರು ತಿಂಗಳು ಹುಡುಕಿ ಗುಜರಿಯೊಂದರಲ್ಲಿ ಒಂದು ಜೊತೆ ಒರಿಜಿನಲ್ ಸಿಕ್ಕಿತು, ಒಂದಕ್ಕೆ ತಗ್ಗು ಬಿದ್ದಿತ್ತು, ಇನ್ನೊಂದಕ್ಕೆ ತುಕ್ಕು. ಒಳಗಿನ ಇಂಗಾಲ ಸುಟ್ಟು ತೆಗೆಸಿ ಹಾಕಿದ ದಿನ ಗಾಡಿ ಬೇರೇನೇ ಆಯಿತು. ಸದ್ದು ಕೂಡ. ಯೆಜ್ಡಿ ಸದ್ದು ಕೇಳಿದವರಿಗೆ ಗೊತ್ತು, ಬಿಟ್ಟು ಬಿಟ್ಟು ಹೊಡೆಯೋ ಆ ಡುಗುಡುಗು.

ಆದ್ದರಿಂದ, ಸವೆದ ಒರಿಜಿನಲ್ ಇದ್ದರೆ ಅದನ್ನೇ ರಿಪೇರಿ ಮಾಡಿಸಿ. ಪಿಸ್ಟನ್, ಸೀಲ್, ಬೇರಿಂಗ್ ಹೊಸದೇ ಬೇಕು, ಬೇರೆ ದಾರಿ ಇಲ್ಲ, ಆದರೆ ಅಳತೆ ಹಿಡಿದು ನೋಡೋ ಮೆಕ್ಯಾನಿಕ್ ಹತ್ತಿರ ಹೋಗಿ. ಕಣ್ಣಳತೆಯವರ ಹತ್ತಿರ ಬೇಡ. ಕ್ರೋಮ್ ಹಾಕಿಸೋಕೆ ಕೊಡುವಾಗ ಪ್ರತಿ ಸಾಮಾನಿನ ಫೋಟೋ ತೆಗೆದಿಟ್ಟುಕೊಳ್ಳಿ. ನಾನು ಕೊಟ್ಟ ಕಡೆ ಒಂದು ಲಿವರ್ ಕಳೆದು ಹಾಕಿ, ಕಿಕ್ಕರ್ ಮೇಲಿದ್ದ ಅಚ್ಚಿನ ಅಕ್ಷರವನ್ನು ಪಾಲಿಶ್ ಮಾಡಿ ನುಣ್ಣಗೆ ಅಳಿಸಿಬಿಟ್ಟರು. ಹೊಳಪು ಮಾತ್ರ ಚೆನ್ನಾಗಿತ್ತು ಅನ್ನಿ.

ಖರ್ಚು: ಎರಡು ವರ್ಷದಲ್ಲಿ 1,42,000 ರೂಪಾಯಿ. ಇದರಲ್ಲಿ ಸುಮಾರು 35,000 ಡೂಪ್ಲಿಕೇಟ್ ಸಾಮಾನಿಗೆ ಮತ್ತೆ ಅದು ಹಾಳು ಮಾಡಿದ್ದನ್ನು ಸರಿ ಮಾಡಿಸೋಕೆ. ಹೆಂಡತಿಗೆ ಹೇಳಿದ್ದು 80,000. ಈ ವಿಮರ್ಶೆ ಅವಳು ಓದಲ್ಲ ಅಂದುಕೊಂಡಿದ್ದೇನೆ.

ಕಾಗದಪತ್ರದ್ದು ಒಂದು ಮಾತು. ತುಂಬ ಜನ ಇದಕ್ಕೆ ವಿಂಟೇಜ್ ನಂಬರ್ ಮಾಡಿಸಬಹುದಲ್ಲ ಅಂತಾರೆ. 2021ರ ಕೇಂದ್ರ ನಿಯಮದಲ್ಲಿ ವಿಂಟೇಜ್ ಅನ್ನಿಸಿಕೊಳ್ಳೋಕೆ ಗಾಡಿಗೆ 50 ವರ್ಷ ದಾಟಿರಬೇಕು, ಆಗ ನಂಬರಿನಲ್ಲಿ 'ವಿಎ' ಅಂತ ಬರುತ್ತೆ, ಹೊಸ ನೋಂದಣಿಗೆ 20,000 ರೂಪಾಯಿ. ರೋಡ್‌ಕಿಂಗ್ ಬಂದದ್ದೇ 1978ರಲ್ಲಿ. ನನ್ನದಕ್ಕೆ 2036ರವರೆಗೆ ಕಾಯಬೇಕು. ಅಲ್ಲದೆ ವಿಂಟೇಜ್ ಅಂತ ಮಾಡಿಸಿದರೆ ದಿನಾ ರಸ್ತೆಯಲ್ಲಿ ಓಡಿಸೋ ಹಾಗಿಲ್ಲ, ಪ್ರದರ್ಶನ, ರ‍್ಯಾಲಿ ಅಂಥದ್ದಕ್ಕೆ ಮಾತ್ರ. ನನಗೆ ಅದು ಬೇಡ. ಐದು ವರ್ಷಕ್ಕೊಮ್ಮೆ ಆರ್‌ಟಿಓಗೆ ಹೋಗಿ ಆರ್‌ಸಿ ನವೀಕರಣ ಮಾಡಿಸಿಕೊಂಡು ಹಸಿರು ತೆರಿಗೆ ಕಟ್ಟಿ ಬರುತ್ತೇನೆ.

ಇನ್ನು ಆರು ವರ್ಷದ ಓಡಾಟ. 11,400 ಕಿಲೋಮೀಟರ್ ಆಗಿದೆ. ಲೀಟರಿಗೆ 28ರಿಂದ 30 ಕೊಡುತ್ತೆ, ಊರೊಳಗೆ ಇನ್ನೂ ಕಮ್ಮಿ. ಲೀಟರ್ ಪೆಟ್ರೋಲಿಗೆ 40 ಎಂಎಲ್ ಲೆಕ್ಕದಲ್ಲಿ ಟೂಟಿ (2T, ಟೂ ಸ್ಟ್ರೋಕ್ ಎಂಜಿನ್ನಿನ) ಆಯಿಲ್ ಬೆರೆಸುತ್ತೇನೆ. ಈಗಿನ ಬಂಕ್ ಹುಡುಗರಿಗೆ ಟೂಟಿ ಅಂದರೇ ಗೊತ್ತಿಲ್ಲ, ಬಾಟಲಿ ಯಾವಾಗಲೂ ಬ್ಯಾಗಿನಲ್ಲೇ. ಆಯಿಲ್ ಮೊದಲು, ಪೆಟ್ರೋಲ್ ಆಮೇಲೆ. ಉಲ್ಟಾ ಮಾಡಿದರೆ ಸರಿಯಾಗಿ ಬೆರೆಯಲ್ಲ.

ಇದರ ಗೇರ್ ಲಿವರೇ ಕಿಕ್ಕರ್ ಕೂಡ. ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ವಾಪಸ್ ಮುಂದಕ್ಕೆ ತಂದರೆ ಗೇರ್. ಮನೆ ಮುಂದೆ ಇದು ತಮಾಷೆ. ಗ್ರೀನ್ ಬಿದ್ದ ಸಿಗ್ನಲ್‌ನಲ್ಲಿ ಗಾಡಿ ಆಫ್ ಆಗಿ, ನ್ಯೂಟ್ರಲ್ ಹುಡುಕಿ, ಲಿವರ್ ತಿರುಗಿಸಿ, ಒದ್ದು, ಮತ್ತೆ ಮುಂದಕ್ಕೆ ತರುವಷ್ಟರಲ್ಲಿ ಹಿಂದಿನವರು ನಿಮ್ಮ ವಂಶವನ್ನೆಲ್ಲ ನೆನೆಸಿಕೊಂಡಿರುತ್ತಾರೆ. ಆದರೆ ಲಿವರ್ ಒತ್ತಿದರೆ ಕ್ಲಚ್ ತಾನಾಗೇ ಬಿಡೋ ವ್ಯವಸ್ಥೆ ಇದೆಯಲ್ಲ, ಅದು ಎಂಥ ಜಾಣತನ! ರೇಸಿಗೆ ಅಂತ ಚಿಕ್ಕಪ್ಪ ಅದನ್ನು ತೆಗೆಸಿಹಾಕಿದ್ದರು. ವಾಪಸ್ ಕೂರಿಸಿ ಹೊಂದಿಸೋಕೆ ನಾಲ್ಕು ಭಾನುವಾರ ಹಿಡಿಯಿತು. ಸ್ಕ್ರೂ ಕಾಲು ಸುತ್ತು ಜಾಸ್ತಿಯಾದರೆ ಕ್ಲಚ್ ಜಾರುತ್ತೆ, ಕಮ್ಮಿಯಾದರೆ ಬಿಡೋದೇ ಇಲ್ಲ.

ಬ್ರೇಕು ದೇವರಿಗೇ ಪ್ರೀತಿ. ಎರಡೂ ಡ್ರಮ್. ಮಳೆಯಲ್ಲಿ ನೆನೆದರೆ ಮೊದಲ ಸಲ ಒತ್ತಿದಾಗ ಏನೂ ಆಗಲ್ಲ, ಎರಡನೇ ಸಲಕ್ಕೆ ಯೋಚನೆ ಮಾಡುತ್ತೆ. ಕೊಟ್ಟಿಗೆಹಾರದ ಮಳೆಯಲ್ಲಿ ಇಳಿಯುವಾಗ ಎರಡನೇ ಗೇರಿನಲ್ಲಿ ಇಟ್ಟರೂ ಟೂ ಸ್ಟ್ರೋಕ್ ಎಂಜಿನ್ ಹಿಡಿದು ನಿಲ್ಲಿಸೋದು ಅಷ್ಟಕ್ಕಷ್ಟೇ. ಪ್ಲಗ್ಗಿಗೆ ಕಿಡಿ ಕೊಡಿಸೋ ಪಾಯಿಂಟ್‌ಗಳನ್ನು ಸಾವಿರ ಕಿಲೋಮೀಟರಿಗೊಮ್ಮೆ ಉಜ್ಜಿ 0.4 ಮಿಲಿಮೀಟರ್ ಗ್ಯಾಪ್ ಇಡಬೇಕು. ಒಂದು ಎಕ್ಸ್‌ಟ್ರಾ ಪ್ಲಗ್, ಪ್ಲಗ್ ಸ್ಪ್ಯಾನರ್, ಕ್ಲಚ್ ಕೇಬಲ್ ಸೀಟಿನ ಕೆಳಗೆ ಇರಲೇಬೇಕು. ಆದರೆ ಚೈನ್ ಪೂರ್ತಿ ಮುಚ್ಚಿರೋದರಿಂದ ಮಲೆನಾಡಿನ ಕೆಸರಿನಲ್ಲೂ ಚೈನ್‌ಗೆ ಏನೂ ಆಗಿಲ್ಲ, ಆರು ವರ್ಷದಲ್ಲಿ ಎರಡು ಸಲ ಬಿಗಿ ಮಾಡಿದ್ದೇನೆ ಅಷ್ಟೇ. ರೇಸಿಗೆ ಅಂತ ಅದನ್ನು ಕಿತ್ತು ಬಿಸಾಡಿದ್ದರು ನೋಡಿ.

2022ರಲ್ಲಿ ಬಂದ ಹೊಸ ಯೆಜ್ಡಿ ಸ್ಕ್ರ್ಯಾಂಬ್ಲರ್ ಕೂಡ ಸ್ನೇಹಿತನದ್ದು ಒಂದು ದಿನ ಓಡಿಸಿದೆ. 334 ಸಿಸಿ, ನೀರಿನಿಂದ ತಂಪಾಗೋ ಎಂಜಿನ್, ಬಟನ್ ಒತ್ತಿದರೆ ಸ್ಟಾರ್ಟ್, ನಿಲ್ಲಿಸು ಅಂದರೆ ನಿಲ್ಲುತ್ತೆ. ಕೆಸರಿಗೆ ಹೋಗೋದಿದ್ದರೆ ಅದನ್ನೇ ತಗೊಳ್ಳಿ, ಹಳೇ ಗಾಡಿ ಹಿಂಸಿಸಬೇಡಿ. ದಿನಾ ಆಫೀಸಿಗೆ ಒಂದೇ ಗಾಡಿ ಅಂತಿರುವವರಿಗೂ ರೋಡ್‌ಕಿಂಗ್ ಬೇಡ. ಭಾನುವಾರ ಕೈ ಕಪ್ಪು ಮಾಡಿಕೊಳ್ಳೋಕೆ ಬೇಜಾರಿಲ್ಲದವರಿಗೆ, ಮನೆಯಲ್ಲಿ ಇನ್ನೊಂದು ಗಾಡಿ ಇರುವವರಿಗೆ, ತಗೊಳ್ಳಿ ಅಂತ ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ನನ್ನ ಲೆಕ್ಕದಲ್ಲಿ ಗಾಡಿಗೆ ಐದಕ್ಕೆ ನಾಲ್ಕು, ಬ್ರೇಕಿಗೆ ಒಂದು, ಮಾರುಕಟ್ಟೆಯ ಪಾರ್ಟ್‌ಗಳಿಗೆ ಒಂದೂ ಜಾಸ್ತಿ.

ಕಳೆದ ದೀಪಾವಳಿಗೆ ತೋಟಕ್ಕೆ ಇದರಲ್ಲೇ ಹೋಗಿದ್ದೆ. ಚಿಕ್ಕಪ್ಪನಿಗೆ ಈಗ ಎಪ್ಪತ್ತೊಂದು. ಸುತ್ತ ಒಂದು ಸುತ್ತು ಬಂದರು, ಏನೂ ಹೇಳಲಿಲ್ಲ. ಲಿವರ್ ತಿರುಗಿಸಿ ಒಂದೇ ಏಟಿಗೆ ಸ್ಟಾರ್ಟ್ ಮಾಡಿದರು, ನನಗೆ ಇವತ್ತಿಗೂ ಎರಡು ಬೇಕು. ಗೇಟಿನವರೆಗೆ ಹೋಗಿ ಬಂದು ಸ್ಟ್ಯಾಂಡ್ ಹಾಕಿ, 'ಸೈಲೆನ್ಸರ್ ಇದ್ರೆ ಇಷ್ಟು ಮೆತ್ತಗಾಗುತ್ತಾ ಇದು?' ಅಂದರು. ಆಮೇಲೆ ಒಳಗೆ ಹೋಗಿ ಬೀರುವಿನಿಂದ ಪ್ಲಾಸ್ಟಿಕ್ ಕವರ್ ಒಂದು ತಂದು ಕೈಗಿಟ್ಟರು. ಎರಡು ವರ್ಷ ನಾನು ಊರೆಲ್ಲ ಹುಡುಕಿ ಕೊನೆಗೆ ಡೂಪ್ಲಿಕೇಟ್ ಹಾಕಿಸಿದ್ದ ಟೂಲ್‌ಬಾಕ್ಸಿನ ಒರಿಜಿನಲ್ ಲಾಕು, ಎರಡು ಕೀ ಸಮೇತ. 'ಕೇಳಿದ್ರೆ ಕೊಡ್ತಿದ್ದೆ' ಅಂದರು.